ಸ್ವೀಕರಿಸುವವನ ಹೊಣೆ

ಕೆಲವು ಪ್ರಶ್ನೆಗಳು ಹುಟ್ಟುವಾಗ ತೀರ ಅಲ್ಪವೆಂದು ತೋರುತ್ತವೆ. ಕಾಲ ಸರಿದ ಮೇಲೆ ಅವುಗಳ ತೂಕ ಗೊತ್ತಾಗುತ್ತದೆ. ಮನೆಯ ಗಣಕಯಂತ್ರದಲ್ಲಿ ಇಂಟರ್ನೆಟ್ ಬಳಸುತ್ತಿರುವಾಗಲೇ ಅದೇ ಯಂತ್ರಕ್ಕೆ ಫ್ಯಾಕ್ಸ್ ಬರುವಂತೆ ಮಾಡಬಹುದೇ ಎಂಬುದು ಅಂಥದೊಂದು ಪ್ರಶ್ನೆ. ಇಪ್ಪತ್ತು ಇಪ್ಪತ್ತೈದು ವರ್ಷಗಳ ಹಿಂದೆ ಮನೆಯಲ್ಲಿ ಒಂದೇ ದೂರಧ್ವನಿಯನ್ನಿಟ್ಟುಕೊಂಡು ಕೆಲಸ ಸಾಗಿಸುತ್ತಿದ್ದ ವಕೀಲರಿಗೂ ಅಡತಿ ವ್ಯಾಪಾರಿಗಳಿಗೂ ಇದು ದಿನನಿತ್ಯದ ತೊಡಕಾಗಿತ್ತು. ಇಂದು ಫ್ಯಾಕ್ಸ್ ಬಹುಮಟ್ಟಿಗೆ ಮೂಲೆ ಸೇರಿದೆ. ಆ ತೊಡಕೂ ಅದರ ಸಂಗಡ ಹೋಯಿತೆಂದು ಜನರು ಮರೆತಿದ್ದಾರೆ. ಆದರೂ ನಾವು ಈ ವಿಷಯವನ್ನು ವಾಚಕರ ಮುಂದೆ ಇಡುತ್ತಿರುವದಕ್ಕೆ ಕಾರಣವುಂಟು. ಆ ಪ್ರಶ್ನೆಯನ್ನು ಬಿಡಿಸುವಾಗ ಯಂತ್ರಗಳು ಒಂದು ನೀತಿಯನ್ನು ಕಲಿತುಕೊಂಡವು. ಆ ನೀತಿಯನ್ನು ನಮ್ಮ ಕಚೇರಿಗಳು ಕಲಿಯುವದು ಇನ್ನೂ ಬಾಕಿ ಇದೆ.

ತೊಡಕಿನ ಸ್ವರೂಪವನ್ನು ಮೊದಲು ತಿಳಿಯೋಣ. ನಮ್ಮ ದೇಶದಲ್ಲಿ ಸಾರ್ವಜನಿಕರಿಗೆ ಇಂಟರ್ನೆಟ್ ಸೇವೆ ದೊರೆತದ್ದು ೧೯೯೫ರ ಆಗಸ್ಟ್ ೧೫ರಂದು, ವಿದೇಶ ಸಂಚಾರ ನಿಗಮದ ಮುಖಾಂತರ. ಆಗ ಅದು ಮನೆಗೆ ಬರುತ್ತಿದ್ದುದು ದೂರಧ್ವನಿಯ ತಾಮ್ರದ ತಂತಿಯ ಮೇಲೆಯೇ. ಆ ತಂತಿಯಲ್ಲಿ ಮಾತಿಗೆಂದು ಬಿಟ್ಟ ಹಾದಿ ಕಿರಿದಾದದ್ದು. ಸುಮಾರು ೩೦೦ರಿಂದ ೩೪೦೦ ಹರ್ಟ್ಸ್‌ವರೆಗಿನ ಸ್ವರಗಳಿಗಷ್ಟೇ ಅಲ್ಲಿ ಎಡೆ. ಮೋಡೆಮ್ ಎಂಬ ಉಪಕರಣವು ಗಣಕಯಂತ್ರದ ಸಂಕೇತಗಳನ್ನು ಸದ್ದಾಗಿ ಮಾರ್ಪಡಿಸಿ ಈ ಹಾದಿಯಲ್ಲಿ ಕಳಿಸುತ್ತಿತ್ತು. ಫ್ಯಾಕ್ಸ್ ಯಂತ್ರವಾದರೂ ಕಾಗದದ ಮೇಲಿನ ಕಪ್ಪು ಬಿಳುಪನ್ನು ಸೆಕೆಂಡಿಗೆ ೯೬೦೦ ಅಥವಾ ೧೪,೪೦೦ ಬಿಟ್ಟುಗಳ ವೇಗದಲ್ಲಿ ಸದ್ದಾಗಿ ಮಾಡಿ ಇದೇ ಹಾದಿಯಲ್ಲಿ ಸಾಗಿಸುತ್ತಿತ್ತು. ಒಂದೇ ಬಂಡಿ ಹಿಡಿಸುವ ಓಣಿಯಲ್ಲಿ ಎರಡನೆಯ ಬಂಡಿ ಹೊಗುವದೆಂತು? ಮನೆಯ ಹುಡುಗ ಇಂಟರ್ನೆಟ್ಟಿನಲ್ಲಿ ಪರೀಕ್ಷೆಯ ಫಲಿತಾಂಶ ಹುಡುಕುತ್ತಿದ್ದರೆ, ಸಾಂಗಲಿಯ ಪೇಟೆಯಿಂದ ತಂದೆಗೆ ಬರಬೇಕಾದ ಧಾರಣೆಯ ಕಾಗದ ಹೊರಗೇ ನಿಲ್ಲುತ್ತಿತ್ತು. ಕಳಿಸಿದವನಿಗೆ ಕೇಳುತ್ತಿದ್ದುದು ತಂತಿ ಕಾರ್ಯನಿರತವಾಗಿದೆಯೆಂಬ ಸದ್ದು ಮಾತ್ರ. ಅವನ ಯಂತ್ರ ಎರಡು ಮೂರು ಸಲ ಪ್ರಯತ್ನಿಸಿ ಸುಮ್ಮನಾಗುತ್ತಿತ್ತು. ಇತ್ತ ಮನೆಯಲ್ಲಿದ್ದವರಿಗೆ ತಮ್ಮ ಬಾಗಿಲಿಗೆ ಒಂದು ಕಾಗದ ಬಂದು ಮರಳಿತೆಂಬ ಸುಳಿವೂ ಇರುತ್ತಿರಲಿಲ್ಲ.

ವಿಜಯಪುರದವರಿಗೆ ಇದನ್ನು ತಿಳಿಸಲು ದೂರದ ದೃಷ್ಟಾಂತ ಬೇಕಿಲ್ಲ. ಗೋಲಗುಮ್ಮಟದ ಒಳಸುತ್ತಿನಲ್ಲಿ ಗೋಡೆಗೆ ಮುಖವಿಟ್ಟು ಪಿಸುಗುಟ್ಟಿದ ಮಾತು ಸುಮಾರು ೩೮ ಮೀಟರು ಆಚೆ ಎದುರು ಬದಿಯಲ್ಲಿ ನಿಂತವನ ಕಿವಿಗೆ ಮುಟ್ಟುತ್ತದೆ. ಮುಂಜಾನೆಯ ನಿಶ್ಶಬ್ದದಲ್ಲಿ ಅದೊಂದು ಚಮತ್ಕಾರ. ಆದರೆ ಶಾಲೆಯ ಪ್ರವಾಸಕ್ಕೆ ಬಂದ ಹುಡುಗರ ತಂಡವೊಂದು ಒಳಹೊಕ್ಕು ಕೂಗತೊಡಗಿತೆಂದರೆ ಪಿಸುಮಾತಿನ ಮಾತೇ ಇಲ್ಲ. ದೋಷ ಗುಮ್ಮಟದ್ದೂ ಅಲ್ಲ, ಪಿಸುಗುಟ್ಟಿದವನದೂ ಅಲ್ಲ. ಹಾದಿಯೊಂದು, ಸದ್ದು ಹಲವು, ಇಷ್ಟೇ ಸಂಗತಿ.

ಈ ತೊಡಕಿಗೆ ಕಾಲಕಾಲಕ್ಕೆ ನಾಲ್ಕು ಉಪಾಯಗಳು ಹೊರಟವು. ಎರಡನೆಯ ದೂರಧ್ವನಿಯನ್ನು ಪಡೆದು ಅದನ್ನು ಫ್ಯಾಕ್ಸಿಗೆ ಮೀಸಲಿಡುವದು ಮೊದಲನೆಯದು. ಒಂದು ದೂರಧ್ವನಿಗಾಗಿಯೇ ವರ್ಷಗಟ್ಟಲೆ ಕಾದು ಕುಳಿತವರಿಗೆ ಇದು ಮೂಗಿಗಿಂತ ಮೂಗುತಿ ಭಾರವೆನಿಸುತ್ತಿತ್ತು. ಒಂದೇ ಜೋಡಿ ತಂತಿಯಲ್ಲಿ ತಲಾ ೬೪ ಕಿಲೋಬಿಟ್ಟುಗಳ ಎರಡು ಹಾದಿಗಳನ್ನು ಕೊಡುವ ಐ.ಎಸ್.ಡಿ.ಎನ್. ಪದ್ಧತಿ ಎರಡನೆಯದು. ಮೂರನೆಯದು, ಮಾತಿನ ಸ್ವರಗಳಿಗಿಂತ ಬಹಳ ಎತ್ತರದ ಸ್ವರಗಳಲ್ಲಿ ಇಂಟರ್ನೆಟ್ಟನ್ನು ಸಾಗಿಸಿ, ಕೆಳಗಿನ ಹಾದಿಯನ್ನು ದೂರಧ್ವನಿಗೂ ಫ್ಯಾಕ್ಸಿಗೂ ಬಿಟ್ಟುಕೊಡುವ ಬ್ರಾಡ್‌ಬ್ಯಾಂಡ್. ಭಾರತ ಸಂಚಾರ ನಿಗಮವು ಇದನ್ನು ೨೦೦೫ರ ಜನವರಿಯಲ್ಲಿ ಆರಂಭಿಸಿತು. ನಾಲ್ಕನೆಯ ಉಪಾಯವೇ ನಮಗೆ ಇಂದು ಮುಖ್ಯವಾದದ್ದು. ಮನೆಯ ಯಂತ್ರದ ಬದಲು ಬೇರೊಂದು ಕಡೆ, ಸದಾ ಎಚ್ಚರವಿರುವ ದೊಡ್ಡ ಯಂತ್ರವೊಂದು ನಮ್ಮ ಹೆಸರಿನಲ್ಲಿ ಫ್ಯಾಕ್ಸನ್ನು ಇಸಿದುಕೊಂಡು, ಅದನ್ನು ಚಿತ್ರವನ್ನಾಗಿ ಮಾಡಿ, ಮಿಂಚಂಚೆಯ ಮೂಲಕ ನಮಗೆ ತಲುಪಿಸುವದು. ನಮ್ಮ ಗಣಕಯಂತ್ರ ಬಂದಾಗಿರಲಿ, ಬೇರೆ ಕೆಲಸದಲ್ಲಿ ತೊಡಗಿರಲಿ, ಬಂದ ಕಾಗದ ಹಿಂದಿರುಗುತ್ತಿರಲಿಲ್ಲ.

ಈ ಉಪಾಯದೊಳಗಿನ ನೀತಿಯನ್ನು ಓದುಗರು ಗಮನಿಸಬೇಕು. ಪಡೆಯುವವನು ಕಾರ್ಯನಿರತನಾಗಿದ್ದಾನೆಂಬ ಕಾರಣಕ್ಕೆ ಕಳಿಸಿದವನು ನಷ್ಟಪಡತಕ್ಕದ್ದಲ್ಲ. ಸ್ವೀಕರಿಸುವ ವ್ಯವಸ್ಥೆಯನ್ನು ಮಾಡಿಕೊಳ್ಳುವ ಹೊಣೆ ಸ್ವೀಕರಿಸುವವನದೇ. ವ್ಯಾಪಾರಿಗಳು ಇದನ್ನು ತಮ್ಮ ಲಾಭಕ್ಕಾಗಿಯಾದರೂ ಬೇಗನೆ ಅರಿತುಕೊಂಡರು. ಬಾಗಿಲಿನಿಂದ ಕಾಗದ ಮರಳಿದರೆ ಗಿರಾಕಿಯೂ ಮರಳುತ್ತಾನೆಂಬುದು ಅವರಿಗೆ ಗೊತ್ತಿತ್ತು. ಗಿರಾಕಿ ಬೇರೆಡೆ ಹೋಗಲಾರನೆಂಬ ಧೈರ್ಯವಿರುವ ಸ್ಥಳಗಳಲ್ಲಿ ಮಾತ್ರ ಈ ಅರಿವು ತಡವಾಗುತ್ತದೆ. ಸರಕಾರದ ಕಚೇರಿಯು ಅಂಥ ಸ್ಥಳ.

ಈ ಮಾತಿಗೆ ಪ್ರಮಾಣವಾಗಿ ದೇಶವೆಲ್ಲ ಕಂಡ ಎರಡು ಪ್ರಸಂಗಗಳನ್ನು ಹೇಳುತ್ತೇವೆ. ೨೦೧೮ರ ನವೆಂಬರ್ ೨೧ರಂದು ಜಮ್ಮು ಕಾಶ್ಮೀರದಲ್ಲಿ ಸರಕಾರ ರಚಿಸುವ ಹಕ್ಕು ಮಂಡಿಸಿ ಮೆಹಬೂಬಾ ಮುಫ್ತಿಯವರು ರಾಜಭವನಕ್ಕೆ ಕಳಿಸಲೆಳಸಿದ ಪತ್ರ ಫ್ಯಾಕ್ಸಿನಲ್ಲಿ ಹೋಗಲೇ ಇಲ್ಲ. ಅಂದು ರಾತ್ರಿಯೇ ವಿಧಾನಸಭೆ ವಿಸರ್ಜನೆಯಾಯಿತು. ಹಬ್ಬದ ರಜೆಯಿದ್ದುದರಿಂದ ಫ್ಯಾಕ್ಸ್ ಇಸಿದುಕೊಳ್ಳಲು ಯಾರೂ ಇರಲಿಲ್ಲವೆಂಬ ಸಮಾಧಾನವು ಆಮೇಲೆ ರಾಜ್ಯಪಾಲರಿಂದ ಬಂದಿತು. ಆ ರಾಜಕಾರಣದಲ್ಲಿ ಯಾರ ಪಕ್ಷ ಸರಿಯೆಂಬ ಚರ್ಚೆ ಇಲ್ಲಿ ಬೇಡ. ಒಂದು ರಾಜ್ಯದ ಅತ್ಯುನ್ನತ ಕಚೇರಿಯಲ್ಲಿ ಕಾಗದ ಪಡೆಯುವವರಿಲ್ಲದ ದಿನವೊಂದು ಇರಬಹುದೆಂಬುದಷ್ಟೇ ನಮಗೆ ಬೇಕಾದ ಪಾಠ. ಎರಡನೆಯದು ೨೦೨೧ರ ಜುಲೈ ತಿಂಗಳಿನದು. ಸರ್ವೋಚ್ಚ ನ್ಯಾಯಾಲಯ ಬಿಡುಗಡೆಗೆ ಅಪ್ಪಣೆ ಕೊಟ್ಟಿದ್ದರೂ, ಅಧಿಕೃತ ಪ್ರತಿ ಟಪಾಲಿನಲ್ಲಿ ಬಂದಿಲ್ಲವೆಂದು ಆಗ್ರಾದ ಸೆರೆಮನೆಯಲ್ಲಿ ಬಂದಿಗಳು ದಿನಗಟ್ಟಲೆ ಒಳಗೇ ಉಳಿಯಬೇಕಾಯಿತು. ನ್ಯಾಯಾಲಯವು ಇದನ್ನು ತಾನಾಗಿಯೇ ವಿಚಾರಣೆಗೆ ತೆಗೆದುಕೊಂಡಿತು. ಆದೇಶಗಳನ್ನು ಸುರಕ್ಷಿತವಾಗಿ ವಿದ್ಯುನ್ಮಾರ್ಗದಿಂದಲೇ ತಲುಪಿಸುವ 'ಫಾಸ್ಟರ್' ಎಂಬ ವ್ಯವಸ್ಥೆ ೨೦೨೨ರ ಮಾರ್ಚ್ ೩೧ರಂದು ಕಾರ್ಯಾರಂಭ ಮಾಡಿತು. ಮನಸ್ಸಿದ್ದರೆ ಮಾರ್ಗವುಂಟೆಂಬುದಕ್ಕೆ ಇದೇ ಸಾಕ್ಷಿ.

ಇನ್ನು ಕಾಯದೆಯನ್ನು ನೋಡೋಣ. ೨೦೦೦ದ ಮಾಹಿತಿ ತಂತ್ರಜ್ಞಾನ ಕಾಯದೆ ಆ ವರ್ಷದ ಅಕ್ಟೋಬರ್ ೧೭ರಿಂದ ಜಾರಿಯಲ್ಲಿದೆ. ಅದರ ೧೩ನೆಯ ಕಲಮಿನ ಪ್ರಕಾರ, ಬೇರೆ ಒಪ್ಪಂದವಿಲ್ಲದಿದ್ದಲ್ಲಿ, ಪಡೆಯುವವನು ಗೊತ್ತುಪಡಿಸಿದ ಯಂತ್ರದೊಳಕ್ಕೆ ದಾಖಲೆ ಪ್ರವೇಶಿಸಿದ ಕ್ಷಣವೇ ಅದು ಮುಟ್ಟಿದ ಕ್ಷಣ. ಗೊತ್ತುಪಡಿಸಿದ್ದನ್ನು ಬಿಟ್ಟು ಅವನ ಬೇರೊಂದು ಯಂತ್ರಕ್ಕೆ ಹೋದರೆ, ಅವನು ಅದನ್ನು ತೆಗೆದುಕೊಂಡಾಗಲೇ ಮುಟ್ಟಿದಂತೆ. ವ್ಯವಹಾರದ ಸ್ಥಳವಿಲ್ಲದವನಿಗೆ ಅವನ ವಾಸದ ಮನೆಯೇ ಪತ್ರ ಮುಟ್ಟಿದ ಸ್ಥಳ. ಹೀಗೆ ಮನೆಯ ಗಣಕಯಂತ್ರವು ಕಾಯದೆಯ ಕಣ್ಣಿನಲ್ಲಿಯೂ ಒಂದು ಟಪಾಲು ಪೆಟ್ಟಿಗೆಯಾಗಿದೆ. ಆದಾಯ ತೆರಿಗೆಯ ನೋಟೀಸು ಅಲ್ಲಿಗೆ ಬರುತ್ತದೆ. ಸರಕು ಸೇವಾ ತೆರಿಗೆಯ ನೋಟೀಸೂ ಬರುತ್ತದೆ. 'ನಾನು ನೋಡಿರಲಿಲ್ಲ' ಎಂಬ ಪ್ರಜೆಯ ಸಬೂಬು ಅಲ್ಲಿ ಸುಲಭವಾಗಿ ನಡೆಯುವದಿಲ್ಲ.

ಆದರೆ ಅದೇ ಕಾಯದೆಯ ೯ನೆಯ ಕಲಮನ್ನು ಓದಿರಿ. ಸರಕಾರದ ಯಾವದೇ ಇಲಾಖೆ ವಿದ್ಯುನ್ಮಾನ ರೂಪದ ದಾಖಲೆಯನ್ನು ಸ್ವೀಕರಿಸಲೇಬೇಕೆಂದು ಹಟ ಹಿಡಿಯುವ ಹಕ್ಕು ಪ್ರಜೆಗೆ ಈ ಕಾಯದೆಯಿಂದ ಬರುವದಿಲ್ಲವೆಂದು ಅದು ಹೇಳುತ್ತದೆ. ಸರಕಾರದಿಂದ ನಮ್ಮ ಮನೆಗೆ ಬರುವ ತಂತಿ ಸದಾ ತೆರೆದಿರಬೇಕು. ನಮ್ಮ ಮನೆಯಿಂದ ಸರಕಾರಕ್ಕೆ ಹೋಗುವ ತಂತಿ ಕಾರ್ಯನಿರತವಾಗಿರಬಹುದು! ೨೦೦೦ದಲ್ಲಿ, ಗಣಕಯಂತ್ರವಿಲ್ಲದ ಕಚೇರಿಗಳು ಊರೂರಿಗೆ ಇದ್ದಾಗ, ಈ ವಿನಾಯಿತಿಗೆ ಅರ್ಥವಿತ್ತು. ಪಹಣಿಯಿಂದ ಪಡಿತರದವರೆಗೆ ಎಲ್ಲವೂ ಗಣಕಯಂತ್ರವನ್ನೇರಿರುವ ಇಂದು ಅದಕ್ಕೆ ಏನು ಅರ್ಥ?

ನಮ್ಮ ಜಿಲ್ಲೆಯ ಮಟ್ಟಿಗೆ ಇದು ಬರಿಯ ತರ್ಕದ ಮಾತಲ್ಲ. ತಿಕೋಟಾ, ಬಬಲೇಶ್ವರಗಳು ಹಿಂದೆ ವಿಜಯಪುರ ತಾಲೂಕಿನ ಭಾಗಗಳಾಗಿದ್ದವು. ೨೦೧೭ರ ರಾಜ್ಯದ ಆಯವ್ಯಯದಲ್ಲಿ ಹೊಸ ತಾಲೂಕುಗಳ ಘೋಷಣೆಯಾದಾಗ ಅವೂ ಪ್ರತ್ಯೇಕ ತಾಲೂಕುಗಳಾದವು. ೨೦–೨೫ ಕಿಲೋಮೀಟರು ದೂರದ ನಗರಕ್ಕೆ ರೈತನು ಅಲೆಯತಕ್ಕದ್ದಲ್ಲ, ಕಚೇರಿಯೇ ಅವನ ಹತ್ತಿರ ಬರತಕ್ಕದ್ದು ಎಂಬುದೇ ಹೊಸ ತಾಲೂಕಿನ ಉದ್ದೇಶವಲ್ಲವೆ? ಆದರೆ ತಿಕೋಟೆಯ ದ್ರಾಕ್ಷಿಯ ಬೆಳೆಗಾರನು ಮನೆಯಲ್ಲಿಯೇ ಕುಳಿತು ಮನವಿ ಬರೆದು ಕಳಿಸಬಲ್ಲವನಾಗಿದ್ದರೂ, 'ಪ್ರಿಂಟ್ ತೆಗೆಸಿಕೊಂಡು ಬನ್ನಿರಿ, ಆವಕಕ್ಕೆ ಹಚ್ಚಿಸಿರಿ' ಎಂದು ಅವನಿಗೆ ಹೇಳುವದಾದರೆ, ದೂರವು ಕಡಿಮೆಯಾದದ್ದು ಎಲ್ಲಿ? ಒಣಹಾಕಿದ ದ್ರಾಕ್ಷಿಯ ಮೇಲೆ ಮೋಡ ಕವಿದ ದಿನ ಶೆಡ್ಡನ್ನು ಬಿಟ್ಟು ಮುದ್ರೆ ಹೊಡೆಸಲು ಹೋಗುವವನ ಕಷ್ಟವನ್ನು ಅನುಭವಿಸಿದವನೇ ಬಲ್ಲ.

ವೇಳೆಯ ಬೆಲೆಯನ್ನು ತಿಳಿಯಬೇಕಾದರೆ ಫಸಲ್ ಬಿಮಾ ಯೋಜನೆಯ ನಿಯಮವನ್ನು ನೋಡಬೇಕು. ಆಲಿಕಲ್ಲು ಮಳೆಯಂಥ ಸ್ಥಳೀಯ ವಿಪತ್ತಿನಿಂದ ಬೆಳೆ ಹಾಳಾದರೆ ೭೨ ತಾಸುಗಳೊಳಗೆ ತಿಳಿಸಬೇಕೆಂದು ಅದರ ವಿಧಿ. ಬಬಲೇಶ್ವರದ ಕಡೆಯ ರೈತನೊಬ್ಬನು ತನ್ನ ತೊಗರಿ ಹಾಳಾದದ್ದನ್ನು ಶನಿವಾರ ಸಂಜೆ ಬರೆದು ಕಳಿಸಿದನೆನ್ನಿ. ಅವನ ಪತ್ರ ಕಳಿಸಿದ ಕ್ಷಣಕ್ಕೆ ಮುಟ್ಟಿತೆ, ಸೋಮವಾರ ಅಧಿಕಾರಿ ಯಂತ್ರ ತೆರೆದಾಗ ಮುಟ್ಟಿತೆ, ಮಂಗಳವಾರ ಗುಮಾಸ್ತನು ದಪ್ತರದಲ್ಲಿ ಬರೆದುಕೊಂಡಾಗ ಮುಟ್ಟಿತೆ? ಈ ಒಂದು ಪ್ರಶ್ನೆಯ ಉತ್ತರದ ಮೇಲೆ ಒಂದು ಕುಟುಂಬದ ವರ್ಷದ ಅನ್ನ ನಿಂತಿರಬಹುದು. ಇಲ್ಲಿ ಸ್ವೀಕೃತಿಯೆಂಬುದು ಬರಿಯ ಸೌಜನ್ಯವಲ್ಲ. ಅದು ಹಕ್ಕಿನ ಮೂಲ.

ಅಧಿಕಾರಿಗಳ ಕಡೆಯಿಂದಲೂ ಕೆಲವು ಆಕ್ಷೇಪಗಳು ಬರುವವು. ಅವು ಅಸಡ್ಡೆಗೆ ಅರ್ಹವಾದವುಗಳಲ್ಲ. ಗುಮಾಸ್ತರು ಕಡಿಮೆ, ಬರುವ ಮಿಂಚಂಚೆಗಳು ಅಸಂಖ್ಯ, ಅವುಗಳಲ್ಲಿ ಸುಳ್ಳು ಪತ್ರಗಳೂ ಇದ್ದಾವು, ಎಂದು ಅವರೆನ್ನಬಹುದು. ನಿಜ. ಆದರೆ ಪತ್ರವನ್ನು ಪಡೆಯುವದು ಬೇರೆ, ಅದರಲ್ಲಿ ಬೇಡಿದ್ದನ್ನು ಕೊಡುವದು ಬೇರೆ. ಮೊದಲನೆಯದನ್ನು ಯಂತ್ರವೇ ಮಾಡಬಲ್ಲದು. ಎರಡನೆಯದಕ್ಕೆ ವಿಚಾರಣೆ, ಪರಿಶೀಲನೆ, ವಿವೇಕಗಳು ಬೇಕು. ಸುಳ್ಳು ಪತ್ರವು ಕಾಗದದ ಮೇಲೆಯೂ ಬರುತ್ತದೆ. ಆ ಭಯದಿಂದ ಯಾವ ಕಚೇರಿಯೂ ತನ್ನ ಆವಕದ ಮೇಜನ್ನು ತೆಗೆದುಹಾಕಿಲ್ಲ.

ಆದುದರಿಂದ ನಮ್ಮ ಬೇಡಿಕೆ ಮೂರೇ ಮಾತಿನದು. ಮೊದಲನೆಯದಾಗಿ, ವಿಜಯಪುರದ ಜಿಲ್ಲಾ ಕಚೇರಿ ಮೊದಲುಗೊಂಡು ತಿಕೋಟಾ, ಬಬಲೇಶ್ವರಗಳ ತಾಲೂಕು ಕಚೇರಿಗಳವರೆಗೆ ಪ್ರತಿಯೊಂದು ಕಚೇರಿಯೂ ತಾನು ಗೊತ್ತುಪಡಿಸಿದ ಒಂದು ವಿಳಾಸವನ್ನು ಬಾಗಿಲ ಮುಂದಿನ ಫಲಕದ ಮೇಲೆ ಕನ್ನಡದಲ್ಲಿ ಬರೆಸಲಿ. ಅಧಿಕಾರಿ ವರ್ಗವಾದರೂ ವಿಳಾಸ ಬದಲಾಗದಿರಲಿ. ಎರಡನೆಯದಾಗಿ, ಅಲ್ಲಿಗೆ ಬಂದ ಪ್ರತಿಯೊಂದು ಪತ್ರಕ್ಕೆ ದಿನಾಂಕ, ವೇಳೆ, ಆವಕ ಸಂಖ್ಯೆಗಳನ್ನೊಳಗೊಂಡ ಸ್ವೀಕೃತಿಯು ಕೂಡಲೇ ತಾನಾಗಿ ಮರಳಿ ಹೋಗಲಿ. ಮೂರನೆಯದಾಗಿ, ವಿದ್ಯುತ್ತು ಹೋದದ್ದರಿಂದಾಗಲಿ, ರಜೆಯಿಂದಾಗಲಿ, ಯಂತ್ರ ಕೆಟ್ಟದ್ದರಿಂದಾಗಲಿ ತಡವಾದರೆ ಆ ತಡದ ಭಾರವು ಕಳಿಸಿದವನ ಮೇಲೆ ಬೀಳದಿರಲಿ. ಇದರಲ್ಲಿ ಅಸಾಧ್ಯವಾದದ್ದು ಯಾವದೂ ಇಲ್ಲ. ನಮ್ಮ ರಾಜ್ಯದ ೨೦೧೧ರ ಸಕಾಲ ಕಾಯದೆಯು ಅರ್ಜಿಗೆ ಸಂಖ್ಯೆ ಕೊಡುವ, ತಡವಾದರೆ ದಿನಕ್ಕೆ ೨೦ ರೂಪಾಯಿಯಂತೆ ೫೦೦ ರೂಪಾಯಿಗಳವರೆಗೆ ಪರಿಹಾರ ಕೊಡುವ ಪದ್ಧತಿಯನ್ನು ಈಗಾಗಲೇ ಹಾಕಿಕೊಟ್ಟಿದೆ. ಅಲ್ಲಿ ಪಟ್ಟಿಮಾಡಿದ ಸೇವೆಗಳಿಗೆ ಸಲ್ಲುವ ಗೌರವವು ಪ್ರಜೆಯ ಸಾಮಾನ್ಯ ಪತ್ರಕ್ಕೂ ಸಲ್ಲಲೆಂಬುದೇ ನಮ್ಮ ಮಾತು. ೯ನೆಯ ಕಲಮನ್ನು ತಿದ್ದುವದು ಸಂಸತ್ತಿನ ಕೆಲಸ. ಆದರೆ ಒಂದು ಫಲಕ ಬರೆಸುವದಕ್ಕೆ ಸಂಸತ್ತಿನ ಅಪ್ಪಣೆ ಬೇಕಾಗಿಲ್ಲ.

ನಾಗರಿಕರಿಗೂ ಒಂದು ಮಾತು. ಕಳಿಸಿದ ಪತ್ರದ ಪ್ರತಿಯನ್ನು ಇಟ್ಟುಕೊಳ್ಳಿರಿ; ಸ್ವೀಕೃತಿ ಬಾರದಿದ್ದರೆ ಮರುದಿನವೇ ಕೇಳಿರಿ; ವಿಳಾಸ ತಪ್ಪಿದೆಯೆ ಎಂದು ಎರಡು ಸಲ ನೋಡಿರಿ. ನಿಮ್ಮ ಮನೆಯ ಗಣಕಯಂತ್ರಕ್ಕೂ ಕೈಫೋನಿಗೂ ಬಂದ ಕಾಗದಗಳನ್ನು ದಿನಕ್ಕೊಮ್ಮೆಯಾದರೂ ತೆರೆದು ನೋಡಿರಿ. ಸ್ವೀಕರಿಸುವವನ ಹೊಣೆಯನ್ನು ಸರಕಾರಕ್ಕೆ ನೆನಪಿಸುವವರು ಮೊದಲು ತಾವು ಅದನ್ನು ಹೊತ್ತಿರಬೇಕು.

ಅಂದು ಒಂದೇ ತಂತಿಯ ಮನೆಯಲ್ಲಿ ಯಜಮಾನನು ಹುಡುಗನ ಮೇಲೆ ಸಿಟ್ಟಾಗುತ್ತಿದ್ದನು, ಹುಡುಗನು ಫ್ಯಾಕ್ಸನ್ನು ಶಪಿಸುತ್ತಿದ್ದನು. ಇಬ್ಬರದೂ ತಪ್ಪಿರಲಿಲ್ಲ, ಹಾದಿಯೇ ಒಂದಿತ್ತು. ಇಂದು ಹಾದಿಗಳಿಗೆ ಕೊರತೆಯಿಲ್ಲ. ಇನ್ನೂ ಕಾಗದ ಬಾಗಿಲಿನಿಂದ ಮರಳುತ್ತಿದ್ದರೆ ದೋಷವನ್ನು ತಂತಿಯ ಮೇಲೆ ಹೊರಿಸಲು ಬಾರದು. ತಿಕೋಟಾ, ಬಬಲೇಶ್ವರಗಳ ಅಧಿಕಾರಿಗಳು ಈ ಕೆಲಸದಲ್ಲಿ ಜಿಲ್ಲೆಗೆ ಮೇಲ್ಪಂಕ್ತಿ ಹಾಕಿಕೊಡಲಿ. ಹೊಸ ತಾಲೂಕುಗಳು ಹಳೆಯ ರೂಢಿಗಳನ್ನೇ ಹೊತ್ತು ನಡೆಯಬೇಕೆಂಬ ನಿಯಮವೇನೂ ಇಲ್ಲ.