ಲಕ್ವ ಹೊಡೆದವರನ್ನು ಮನೆಗೆ ಕಳಿಸಿಬಿಟ್ಟರೆ ಮುಗೀತೇ?

ಪೇಟೆ ಬೀದಿಯ ಕಿರಾಣಿ ಅಂಗಡಿ ಯಜಮಾನರೊಬ್ಬರಿಗೆ ಲಕ್ವ ಹೊಡೀತು. ಎಂಟು ದಿನ ಆಸ್ಪತ್ರೆ. ಬಿಡುಗಡೆಯ ದಿನ ಹೇಳಿದ್ದು ಒಂದೇ ಮಾತು: 'ಮನೇಲಿ ಎಕ್ಸರ್‌ಸೈಜ್ ಮಾಡಿಸಿ.' ಯಾವುದು, ಎಷ್ಟು ಹೊತ್ತು, ಹೇಗೆ? ಹೇಳಿದವರಿಲ್ಲ. ಪೊಟ್ಟಣ ಕಟ್ಟುತ್ತಿದ್ದ ಬಲಗೈ ಈಗ ಮಡಿಲಲ್ಲಿ ಬಿದ್ದಿದೆ. ಗಲ್ಲಾಪೆಟ್ಟಿಗೆ ಮುಂದೆ ಹೆಂಡತಿ ಕೂತಿದ್ದಾರೆ.

ಮನೆ ಆರೈಕೆಯಿಂದ ರೋಗಿ ಮತ್ತೆ ತನ್ನ ಕಾಲ ಮೇಲೆ ನಿಲ್ಲುತ್ತಾನೆಯೇ? ಇದಕ್ಕೆ ನಮ್ಮ ದೇಶದಲ್ಲೇ ದೊಡ್ಡ ಪರೀಕ್ಷೆ ನಡೆದಿದೆ. ಹೆಸರು 'ಅಟೆಂಡ್'. 14 ಆಸ್ಪತ್ರೆಗಳ 1,250 ಲಕ್ವ ರೋಗಿಗಳು. ಸುಮಾರು ಅರ್ಧ ಜನರ ಮನೆಯವರಿಗೆ ಆರೈಕೆ, ವ್ಯಾಯಾಮ ಕಲಿಸಿದರು. ಉಳಿದವರಿಗೆ ಎಂದಿನ ಚಿಕಿತ್ಸೆ ಮಾತ್ರ. 2017ರಲ್ಲಿ 'ಲ್ಯಾನ್ಸೆಟ್' ವೈದ್ಯ ಪತ್ರಿಕೆಯಲ್ಲಿ ಫಲಿತಾಂಶ ಬಂತು. ಆರು ತಿಂಗಳ ನಂತರ ತೀರಿಕೊಂಡವರು, ಪರರ ಆಸರೆಯಲ್ಲೇ ಉಳಿದವರು ಸೇರಿ ಕಲಿಸಿದ ಗುಂಪಿನಲ್ಲಿ ನೂರಕ್ಕೆ 47. ಕಲಿಸದ ಗುಂಪಿನಲ್ಲಿ? ಅಲ್ಲೂ 47!

ಹಾಗಾದರೆ ಮನೆ ಆರೈಕೆ ದಂಡವೇ? ಇಲ್ಲ ಸ್ವಾಮಿ. ಬ್ರಿಟನ್, ಸ್ವೀಡನ್, ನಾರ್ವೆ ದೇಶಗಳಲ್ಲಿ ರೋಗಿಯನ್ನು ಬೇಗ ಮನೆಗೆ ಕಳಿಸಿ, ಹಿಂದೆಯೇ ಫಿಸಿಯೋಥೆರಪಿಸ್ಟ್, ನರ್ಸ್ ಮುಂತಾದವರ ತಂಡವನ್ನೂ ಕಳಿಸಿ ನೋಡಿದ್ದಾರೆ. ಆಸ್ಪತ್ರೆ ವಾಸ ಕಮ್ಮಿಯಾಯಿತು. ತಮ್ಮ ಕೆಲಸ ತಾವೇ ಮಾಡಿಕೊಳ್ಳುವವರು ಹೆಚ್ಚಾದರು. ಲಾಭ ಚೆನ್ನಾಗಿ ಕಂಡದ್ದು ತೀರಾ ಜೋರಾಗಿ ಹೊಡೆಯದವರಲ್ಲಿ.

ವ್ಯತ್ಯಾಸ ಇಲ್ಲೇ ಇದೆ. ಅಲ್ಲಿ ಪಳಗಿದ ಕೈ ಮನೆ ಬಾಗಿಲಿಗೆ ಬಂತು. ಇಲ್ಲಿ ಒಲೆ, ಅಂಗಡಿ, ಮಕ್ಕಳ ಫೀಸು ನೋಡಿಕೊಳ್ಳುವ ಹೆಂಗಸಿನ ತಲೆಗೇ ಅದನ್ನೂ ಕಟ್ಟಿದೆವು. ಆಸ್ಪತ್ರೆಗೆ ಮತ್ತೆ ಮತ್ತೆ ಕರಕೊಂಡು ಹೋಗೋಣವೆಂದರೆ ಸೋತ ಕಾಲಿಗೆ ಬಸ್ಸಿನ ಮೆಟ್ಟಿಲು ಎಟುಕೋದಿಲ್ಲ. ಸುಧಾರಣೆ ಹೆಚ್ಚಾಗಿ ಆಗುವುದು ಮೊದಲ ಕೆಲವು ತಿಂಗಳಲ್ಲೇ. ಆ ತಿಂಗಳುಗಳು ಸುಮ್ಮನೆ ಜಾರಿಹೋಗುತ್ತಿವೆ.

ನಮ್ಮ ಗ್ರಾಮ ಪಂಚಾಯ್ತಿಗಳಲ್ಲಿ ಅಂಗವಿಕಲರಿಗಾಗಿ ಪುನರ್ವಸತಿ ಕಾರ್ಯಕರ್ತರಿದ್ದಾರೆ. ಅವರಿಗೆ ತರಬೇತಿ ಕೊಟ್ಟು, ಜಿಲ್ಲಾಸ್ಪತ್ರೆಯ ಫಿಸಿಯೋಥೆರಪಿಸ್ಟ್ ವಾರಕ್ಕೊಮ್ಮೆ ಜೊತೆಗೆ ಸುತ್ತಿದರೆ ಎಷ್ಟೋ ಮನೆ ಉಳಿದಾವು. ಇದಕ್ಕೆ ಹೊಸ ಕಟ್ಟಡ ಬೇಡ, ಶಂಕುಸ್ಥಾಪನೆ ಬೇಡ. ಅದಕ್ಕೇ ಯಾರೂ ಮುಂದೆ ಬರುತ್ತಿಲ್ಲವೋ ಏನೋ!

ಅಲ್ಲೀತನಕ ಓದುಗರಿಗೆ ಒಂದು ಮಾತು. ಬಿಡುಗಡೆ ಚೀಟಿ ಕೈಗೆ ಬಂದಾಗ ಮೂರು ಪ್ರಶ್ನೆ ಕೇಳಿ: ಏನು ಮಾಡಿಸಬೇಕು, ಎಷ್ಟು ಸಲ, ಮತ್ತೆ ನೋಡುವವರು ಯಾರು? ಎದುರಿಗೇ ಮಾಡಿ ತೋರಿಸಿ ಅನ್ನಿ. ಸೋತ ಕೈಯನ್ನು ಹಿಡಿದೆಳೆದು ರೋಗಿಯನ್ನು ಎಬ್ಬಿಸಬೇಡಿ, ಭುಜ ಕೆಡುತ್ತೆ. ಉತ್ತರ ಸಿಗೋವರೆಗೆ ಆಟೋ ಕಾಯಲಿ ಬಿಡಿ.