ಪೆಟ್ಟಿಗೆಯೋ, ಬಾಡಿಗೆಯೋ

ತಾಲ್ಲೂಕು ಕೇಂದ್ರದ ಒಂದು ರೈತ ಉತ್ಪಾದಕ ಕಂಪನಿಯನ್ನು ಕಣ್ಣೆದುರಿಗೆ ಇಟ್ಟುಕೊಳ್ಳೋಣ. ಏಳೆಂಟು ನೂರು ಷೇರುದಾರರು, ಒಬ್ಬ ಸಿಇಒ, ಒಬ್ಬ ಲೆಕ್ಕಿಗ, ಗೊಬ್ಬರ-ಬೀಜದ ಮಳಿಗೆ, ಎಪಿಎಂಸಿ ರಸ್ತೆಯಲ್ಲಿ ಬಾಡಿಗೆಯ ಕಚೇರಿ. ಆ ಕಚೇರಿಯ ಮೂಲೆಯಲ್ಲಿ ಸರ್ವರ್ ಆಗಿ ಬಳಸುವ ಒಂದು ಕಂಪ್ಯೂಟರ್. ಟ್ಯಾಲಿ, ಮಳಿಗೆಯ ಬಿಲ್ಲು, ಷೇರು ವಹಿ, ಸದಸ್ಯರ ಆಧಾರ್ ಮತ್ತು ಪಹಣಿಯ ಸ್ಕ್ಯಾನ್ ಪ್ರತಿಗಳು, ತರಬೇತಿ ಶಿಬಿರಗಳ ಫೋಟೊ, ವಿಡಿಯೊ ಎಲ್ಲವೂ ಅದರೊಳಗೇ.

ಅದು ಕೆಟ್ಟರೆ ಏನು ಗತಿ ಎಂಬ ಪ್ರಶ್ನೆ ನಿರ್ದೇಶಕ ಮಂಡಳಿಯ ಸಭೆಗೆ ಬಂದಾಗ ಸಾಮಾನ್ಯವಾಗಿ ಎರಡು ಕೊಟೇಶನ್‌ಗಳು ಇರುತ್ತವೆ. ಒಂದು, ಎರಡು ಹಾರ್ಡ್ ಡಿಸ್ಕ್ ಕೂರುವ, ನ್ಯಾಸ್ ಎಂಬ ಶೇಖರಣಾ ಪೆಟ್ಟಿಗೆಯನ್ನು ಕೊಂಡು ಕಚೇರಿಯ ನೆಟ್‌ವರ್ಕ್‌ಗೆ ಜೋಡಿಸುವುದು. ಇನ್ನೊಂದು, ತಿಂಗಳ ಬಾಡಿಗೆಗೆ ಕ್ಲೌಡ್‌ನಲ್ಲಿ ಜಾಗ ಹಿಡಿಯುವುದು. ಪೆಟ್ಟಿಗೆಯ ಪರ ಇರುವವರು ‘ನಮ್ಮ ವಸ್ತು ನಮ್ಮ ಹತ್ತಿರವೇ ಇರಲಿ’ ಅನ್ನುತ್ತಾರೆ. ಕ್ಲೌಡ್ ಪರ ಇರುವವರು ‘ನೋಡಿಕೊಳ್ಳೋರು ಯಾರಿದ್ದಾರೆ ಇಲ್ಲಿ?’ ಎಂದು ಕೇಳುತ್ತಾರೆ. ಎರಡು ಮಾತೂ ನಿಜ. ಅದಕ್ಕೇ ಈ ಆಯ್ಕೆ ಬರಿಯ ದರಪಟ್ಟಿ ನೋಡಿ ತೀರ್ಮಾನಿಸುವಂಥದ್ದಲ್ಲ.

ಆದರೂ ದರದಿಂದಲೇ ಶುರು ಮಾಡಬೇಕು, ಸಣ್ಣ ಸಂಸ್ಥೆಗೆ ದುಡ್ಡು ಸಣ್ಣ ವಿಷಯವಲ್ಲ. ಒಳ್ಳೆಯ ಎರಡು-ಡಿಸ್ಕಿನ ಪೆಟ್ಟಿಗೆ, ಅದಕ್ಕೆ 4 ಟಿಬಿಯ ಎರಡು ಡಿಸ್ಕ್ ಸೇರಿ ಸುಮಾರು 50,000 ರೂಪಾಯಿ ಎಂದಿಟ್ಟುಕೊಳ್ಳಿ. ಐದು ವರ್ಷ ಬಾಳಿದರೆ ತಿಂಗಳಿಗೆ 830 ರೂಪಾಯಿ ಬಿದ್ದಂತಾಯಿತು. ಹಗಲೂ ರಾತ್ರಿ 20 ವ್ಯಾಟ್ ಎಳೆದರೆ ತಿಂಗಳಿಗೆ ಹದಿನಾಲ್ಕು, ಹದಿನೈದು ಯೂನಿಟ್ ಕರೆಂಟು. ಎಲ್ಲ ಸೇರಿ ಸಾವಿರದ ಹತ್ತಿರ. ಇನ್ನು ಕ್ಲೌಡ್: ಅಮೆಜಾನ್‌ನ ಮುಂಬೈ ಕೇಂದ್ರದಲ್ಲಿ ಎಸ್3ಯ ಸಾಮಾನ್ಯ ದರ್ಜೆಯ ಜಾಗಕ್ಕೆ ತಿಂಗಳಿಗೆ ಜಿಬಿಗೆ ಸುಮಾರು ಎರಡೂವರೆ ಸೆಂಟ್. ಡಾಲರಿಗೆ 90 ರೂಪಾಯಿ ಹಿಡಿದು, 18 ಪರ್ಸೆಂಟ್ ಜಿಎಸ್‌ಟಿ ಸೇರಿಸಿದರೆ 100 ಜಿಬಿಗೆ ತಿಂಗಳಿಗೆ 265 ರೂಪಾಯಿ, 500 ಜಿಬಿಗೆ 1,300ಕ್ಕೂ ಮೇಲೆ, 2 ಟಿಬಿಗೆ ಐದು ಸಾವಿರ ದಾಟುತ್ತದೆ. ಅಂದರೆ 400 ಜಿಬಿಯ ಆಸುಪಾಸಿನಲ್ಲಿ ಎರಡೂ ಸಮ. ಅದಕ್ಕಿಂತ ಕಡಿಮೆ ಇದ್ದರೆ ಬಾಡಿಗೆ ಅಗ್ಗ, ಹೆಚ್ಚಿದ್ದರೆ ಪೆಟ್ಟಿಗೆ ಅಗ್ಗ.

ಹಾಗಾದರೆ ಕಂಪನಿಯ ಹತ್ತಿರ ಇರುವ ಮಾಹಿತಿ ಎಷ್ಟು? ಸರ್ವರಿನ ಡಿಸ್ಕ್ 1 ಟಿಬಿ, ಮುಕ್ಕಾಲು ತುಂಬಿದೆ ಎಂದು ನೋಡಿ, 1 ಟಿಬಿಗೆ ಕೊಟೇಶನ್ ತರಿಸುವುದು ರೂಢಿ. ಇಲ್ಲೇ ಲೆಕ್ಕ ತಪ್ಪುವುದು. ಇಷ್ಟು ಗಾತ್ರದ ಕಂಪನಿಯ ಟ್ಯಾಲಿ ದತ್ತಾಂಶ ಹಲವು ವರ್ಷದ್ದು ಸೇರಿದರೂ ಕೆಲವೇ ಜಿಬಿ. ಎಂಟು ನೂರು ಸದಸ್ಯರ ದಾಖಲೆಗಳನ್ನು ತಲಾ ಹತ್ತು ಪುಟದಂತೆ ಸ್ಕ್ಯಾನ್ ಮಾಡಿದರೂ ಮತ್ತೆರಡು ಮೂರು ಜಿಬಿ. ಷೇರು ವಹಿ, ಸಭೆಯ ನಡಾವಳಿ, ಬಿಲ್ಲಿಂಗ್ ಎಲ್ಲ ಕೂಡಿಸಿ 20 ಜಿಬಿಯೊಳಗೆ ಮುಗಿಯುತ್ತದೆ. ಉಳಿದ ಏಳು ನೂರು ಜಿಬಿ ಏನು? ಕ್ಷೇತ್ರೋತ್ಸವದ ವಿಡಿಯೊ, ಒಂದೇ ಫೋಟೊದ ನಾಲ್ಕು ಪ್ರತಿ, ಹಳೆಯ ಕಂಪ್ಯೂಟರಿನಿಂದ ಪೂರ್ತಿ ಎತ್ತಿ ಹಾಕಿದ ಫೋಲ್ಡರುಗಳು, ಇನ್‌ಸ್ಟಾಲ್ ಫೈಲುಗಳು. ಕಳೆದುಕೊಂಡರೆ ಕಂಪನಿಯೇ ನಿಂತುಹೋಗುವ ಮಾಹಿತಿಗೂ ಕಳೆದುಕೊಂಡರೆ ಬೇಸರವಾಗುವ ಮಾಹಿತಿಗೂ ಒಂದೇ ಬಾಡಿಗೆ ಕಟ್ಟುವುದು ಯಾಕೆ? ಮೊದಲು ಇವೆರಡನ್ನು ಬೇರೆ ಮಾಡಿದ ಸಂಸ್ಥೆಗೆ ಕ್ಲೌಡ್ ಬಾಡಿಗೆ ತಿಂಗಳಿಗೆ ನೂರು ರೂಪಾಯಿಯೂ ಆಗದಿರಬಹುದು.

ದೊಡ್ಡವರೂ ಈ ವಿಷಯದಲ್ಲಿ ಎಡವಿದ್ದಾರೆ. 2025ರ ಸೆಪ್ಟೆಂಬರ್ 26ರಂದು ದಕ್ಷಿಣ ಕೊರಿಯಾದ ಡೇಜಾನ್ ನಗರದ ಸರ್ಕಾರಿ ದತ್ತಾಂಶ ಕೇಂದ್ರಕ್ಕೆ ಬೆಂಕಿ ಬಿದ್ದಾಗ ಅಲ್ಲಿನ ಸರ್ಕಾರಿ ನೌಕರರು ಕಡತ ಇಡುತ್ತಿದ್ದ ಜಿ-ಡ್ರೈವ್ ವ್ಯವಸ್ಥೆಯ 858 ಟಿಬಿ ಸುಟ್ಟುಹೋಯಿತು. ಗಾತ್ರ ದೊಡ್ಡದು ಎಂಬ ಕಾರಣಕ್ಕೇ ಅದಕ್ಕೆ ಹೊರಗಿನ ಬ್ಯಾಕಪ್ ಇರಲಿಲ್ಲ. ಎಲ್ಲವನ್ನೂ ಒಂದೇ ರಾಶಿಯಾಗಿ ನೋಡಿದರೆ, ರಾಶಿ ದೊಡ್ಡದಾಯಿತು ಎಂದು ಕೊನೆಗೆ ಯಾವುದನ್ನೂ ಉಳಿಸಿಕೊಳ್ಳದ ಸ್ಥಿತಿ ಬರುತ್ತದೆ.

ಈಗ ಪೆಟ್ಟಿಗೆಯ ವಾದವನ್ನು ಅದರ ಪೂರ್ತಿ ಬಲದಲ್ಲಿ ಕೇಳಬೇಕು. ಅದರ ದೊಡ್ಡ ಗುಣ ಮರಳಿ ಪಡೆಯುವ ವೇಗ. ಸರ್ವರ್ ಸತ್ತ ದಿನ 500 ಜಿಬಿ ವಾಪಸು ಬೇಕೆಂದರೆ ಕಚೇರಿಯ ಗಿಗಾಬಿಟ್ ಕೇಬಲ್ಲಿನಲ್ಲಿ ಒಂದೂವರೆ ಗಂಟೆ ಸಾಕು. ಅದೇ 500 ಜಿಬಿಯನ್ನು 100 ಎಂಬಿಪಿಎಸ್ ಫೈಬರಿನಲ್ಲಿ ಕ್ಲೌಡ್‌ನಿಂದ ಇಳಿಸಲು ಎಲ್ಲ ಸರಿ ಇದ್ದರೂ ಹನ್ನೊಂದು ಗಂಟೆ. ತಾಲ್ಲೂಕು ಕೇಂದ್ರದಲ್ಲಿ ರಸ್ತೆ ಅಗೆದು ಫೈಬರ್ ತುಂಡಾಗಿರುವ ವಾರವಾದರೆ ಲೆಕ್ಕವೇ ಬೇಡ. ಹೊರತೆಗೆಯುವ ಶುಲ್ಕವೂ ಇದೆ: ಮುಂಬೈ ಕೇಂದ್ರದಿಂದ ತಿಂಗಳ ಮೊದಲ 100 ಜಿಬಿ ಬಿಟ್ಟು ಮಿಕ್ಕಿದ್ದಕ್ಕೆ ಜಿಬಿಗೆ ಸುಮಾರು 11 ಸೆಂಟ್. 500 ಜಿಬಿ ಹೊರಗೆ ತರಲು ಜಿಎಸ್‌ಟಿ ಬಿಟ್ಟೇ ನಾಲ್ಕು ಸಾವಿರ ರೂಪಾಯಿ ಹತ್ತಿರ. ಡೀಪ್ ಆರ್ಕೈವ್‌ನಂಥ ಅತಿ ಅಗ್ಗದ ದರ್ಜೆ ಹಿಡಿದರಂತೂ ಕೇಳಿದ ಫೈಲು ಕೈಗೆ ಬರಲು ಹನ್ನೆರಡು ಗಂಟೆ ಕಾಯಬೇಕಾಗಬಹುದು. ರಸಗೊಬ್ಬರಕ್ಕೆ ರೈತರು ಸಾಲು ನಿಂತಿರುವ ಜೂನ್ ತಿಂಗಳ ಬೆಳಿಗ್ಗೆ ಬಿಲ್ಲಿಂಗ್ ನಿಂತರೆ ಆ ಹನ್ನೆರಡು ಗಂಟೆಯ ಬೆಲೆ ಕೊಟೇಶನ್‌ನಲ್ಲಿ ಬರೆದಿರುವುದಿಲ್ಲ.

ಇನ್ನೊಂದು ಗುಣ ಹಣದ ಸ್ವಭಾವಕ್ಕೆ ಸಂಬಂಧಿಸಿದ್ದು. ಕೇಂದ್ರ ಸರ್ಕಾರ 2020ರ ಫೆಬ್ರವರಿಯಲ್ಲಿ ಆರಂಭಿಸಿದ ಹತ್ತು ಸಾವಿರ ರೈತ ಉತ್ಪಾದಕ ಸಂಸ್ಥೆಗಳ, ಅಂದರೆ ಎಫ್‌ಪಿಒಗಳ ಯೋಜನೆಯಡಿ ಒಂದೊಂದು ಸಂಸ್ಥೆಗೆ ಮೂರು ವರ್ಷದ ಆಡಳಿತ ವೆಚ್ಚಕ್ಕೆ 18 ಲಕ್ಷ ರೂಪಾಯಿವರೆಗೆ ನೆರವಿದೆ. ನೆರವು ನಿಂತ ಮೇಲೆ ಪ್ರತಿ ತಿಂಗಳ ಖರ್ಚೂ ಸ್ವಂತ ದುಡಿಮೆಯಿಂದ ಬರಬೇಕು. ಕೈಯಲ್ಲಿ ಹಣ ಇರುವಾಗ ಒಮ್ಮೆ ಕೊಂಡಿಟ್ಟ ವಸ್ತು ಬಾಡಿಗೆ ಕೇಳುವುದಿಲ್ಲ. ಕ್ಲೌಡ್ ಕೇಳುತ್ತದೆ; ಅದೂ ಎಷ್ಟೋ ವೇಳೆ ಡಾಲರಿನಲ್ಲಿ, ಕಾರ್ಡಿನ ಮೂಲಕ. 2021ರ ಅಕ್ಟೋಬರಿನಿಂದ ರಿಸರ್ವ್ ಬ್ಯಾಂಕಿನ ಹೊಸ ನಿಯಮ ಜಾರಿಯಾದ ಮೇಲೆ ಕಾರ್ಡಿನಿಂದ ತಂತಾನೆ ಕಡಿತವಾಗುವ ಪಾವತಿಗೆ ಮುಂಚಿತ ಅನುಮತಿಯ ನೋಂದಣಿ ಬೇಕು. ಅದು ಸರಿ ಇಲ್ಲದಿದ್ದರೆ ಪಾವತಿ ತಪ್ಪುತ್ತದೆ. ಎಚ್ಚರಿಕೆಯ ಮಿಂಚಂಚೆ ಬರುವುದು ಕೆಲಸ ಬಿಟ್ಟುಹೋದ ಹಿಂದಿನ ಸಿಇಒ ಅವರ ವಿಳಾಸಕ್ಕೆ. ಖಾತೆ ಅಮಾನತಾದದ್ದು ಕಚೇರಿಗೆ ಗೊತ್ತಾಗುವುದು ಬ್ಯಾಕಪ್ ಬೇಕಾದ ದಿನವೇ. ಇದನ್ನು ಸಣ್ಣ ತೊಂದರೆ ಎಂದು ತಳ್ಳಿಹಾಕುವವರು ಸಣ್ಣ ಕಚೇರಿಯ ದಿನಚರಿ ಕಂಡವರಲ್ಲ.

ಹಾಗೆಂದು ಪೆಟ್ಟಿಗೆಯನ್ನು ತಂದು ಸರ್ವರಿನ ಪಕ್ಕದಲ್ಲೇ ಇಟ್ಟು ನಿಶ್ಚಿಂತರಾಗುವುದು ಒಂದೇ ಕಣದಲ್ಲಿ ಎರಡು ಬಣವೆ ಒಟ್ಟಿದ ಹಾಗೆ. ಕಳ್ಳತನ, ಬೆಂಕಿ, ಸೋರುವ ಮಾಡು ಎರಡನ್ನೂ ಒಟ್ಟಿಗೇ ಮುಟ್ಟುತ್ತವೆ. ಏಪ್ರಿಲ್-ಮೇ ತಿಂಗಳ ಗುಡುಗು ಮಳೆಯಲ್ಲಿ ಮೋಡೆಮ್ಮಿನ ತಂತಿಯ ಮೂಲಕ ನುಗ್ಗುವ ಸಿಡಿಲು ಒಂದೇ ಸ್ವಿಚ್ಚಿಗೆ ಜೋಡಿಸಿದ ಸರ್ವರನ್ನೂ ಪೆಟ್ಟಿಗೆಯನ್ನೂ ಒಂದೇ ಏಟಿಗೆ ಸುಡಬಲ್ಲದು. 2018ರ ಆಗಸ್ಟಿನಲ್ಲಿ ಕೊಡಗು, ಮರುವರ್ಷ ಅದೇ ತಿಂಗಳಲ್ಲಿ ಉತ್ತರ ಕರ್ನಾಟಕ ಕಂಡ ನೆರೆಯಲ್ಲಿ ಒಂದು ಊರಿಗೆ ಊರೇ ಮುಳುಗುವುದು ಎಂದರೇನು ಎಂದು ನಾವು ನೋಡಿದ್ದೇವೆ. ಪಕ್ಕದ ಬೀದಿಯಲ್ಲಿಟ್ಟ ಪ್ರತಿಯೂ ಅಂಥ ದಿನ ಉಪಯೋಗಕ್ಕೆ ಬಾರದು.

ರ‍್ಯಾನ್ಸಮ್‌ವೇರ್ ಅಂದರೆ ಕಡತಗಳಿಗೆ ಬೀಗ ಜಡಿದು ಹಣ ಕೇಳುವ ತಂತ್ರಾಂಶ, ಇದಕ್ಕಿಂತಲೂ ಹತ್ತಿರದ ಅಪಾಯ. ಸರ್ವರಿನಲ್ಲಿ ‘ಝಡ್ ಡ್ರೈವ್’ ಎಂದು ಸದಾ ತೆರೆದಿಟ್ಟ ನ್ಯಾಸ್ ಫೋಲ್ಡರನ್ನು ಸರ್ವರಿಗೆ ಹೊಕ್ಕ ಕಳ್ಳ ತಂತ್ರಾಂಶವೂ ಅಷ್ಟೇ ಸುಲಭವಾಗಿ ತೆರೆದು ಬೀಗ ಜಡಿಯುತ್ತದೆ. ಹೊರಗಿನಿಂದ ನೋಡಲು ಅನುಕೂಲವೆಂದು ಪೆಟ್ಟಿಗೆಯನ್ನು ನೇರ ಇಂಟರ್ನೆಟ್ಟಿಗೆ ತೆರೆದಿಟ್ಟರಂತೂ 2022ರ ಜನವರಿಯಲ್ಲಿ ಡೆಡ್‌ಬೋಲ್ಟ್ ಎಂಬ ದಾಳಿ ಜಗತ್ತಿನಾದ್ಯಂತ ಕ್ಯೂನ್ಯಾಪ್ ಕಂಪನಿಯ ಸಾವಿರಾರು ಪೆಟ್ಟಿಗೆಗಳಿಗೆ ಮಾಡಿದ್ದು ನಮಗೂ ಆಗಬಹುದು. ಎರಡು ಡಿಸ್ಕಿನಲ್ಲಿ ಒಂದೇ ಮಾಹಿತಿ ಬರೆಯುವ ರೇಡ್ ವ್ಯವಸ್ಥೆ ಡಿಸ್ಕ್ ಕೆಟ್ಟಾಗ ಕಾಪಾಡುತ್ತದೆ, ಅಷ್ಟೇ. ತಪ್ಪಿ ಅಳಿಸಿದ್ದು ಎರಡರಲ್ಲೂ ಅಳಿಯುತ್ತದೆ. ಮತ್ತೊಂದು ಕಡೆ, ಪ್ರತ್ಯೇಕವಾಗಿ ಉಳಿದ ಪ್ರತಿ ಏನು ಮಾಡಬಲ್ಲದು ಎಂಬುದಕ್ಕೆ ದೆಹಲಿಯ ಏಮ್ಸ್ ಸಾಕ್ಷಿ. 2022ರ ನವೆಂಬರಿನಲ್ಲಿ ಅಲ್ಲಿನ ಸರ್ವರುಗಳ ಮೇಲೆ ನಡೆದ ಇಂಥದೇ ದಾಳಿಯ ನಂತರ ಆಸ್ಪತ್ರೆ ಸುಮಾರು ಎರಡು ವಾರ ಕಾಗದದ ಮೇಲೆ ಕೆಲಸ ಮಾಡಬೇಕಾಯಿತು. ರೋಗಿಗಳ ದಾಖಲೆಯ ಇ-ಹಾಸ್ಪಿಟಲ್ ವ್ಯವಸ್ಥೆಯ ಮಾಹಿತಿ ಮರಳಿ ಸಿಕ್ಕಿದ್ದು ದಾಳಿ ತಾಕದ ಒಂದು ಬ್ಯಾಕಪ್ ಸರ್ವರಿನಿಂದ.

ಕ್ಲೌಡ್‌ನ ಬಲ ಇರುವುದು ಇಲ್ಲೇ. ಅದು ಬೇರೆ ಊರಿನಲ್ಲಿದೆ, ಬೇರೆ ಬೀಗದ ಹಿಂದಿದೆ. ಇಂತಿಷ್ಟು ದಿನ ಯಾರೂ ಅಳಿಸಲಾಗದಂತೆ ಕಟ್ಟು ಹಾಕುವ ಆಬ್ಜೆಕ್ಟ್ ಲಾಕ್ ಸೌಲಭ್ಯ ಬಳಸಿದರೆ ಸರ್ವರಿನ ಪಾಸ್‌ವರ್ಡ್ ಕದ್ದವನೂ ಹಳೆಯ ಪ್ರತಿಗಳನ್ನು ಮುಟ್ಟಲಾರ. ಆದರೆ ಕ್ಲೌಡ್ ಎಂಬ ಹೆಸರೇ ರಕ್ಷಣೆಯಲ್ಲ. 2021ರ ಮಾರ್ಚ್ 10ರಂದು ಫ್ರಾನ್ಸಿನ ಸ್ಟ್ರಾಸ್‌ಬೂರ್ಗ್‌ನಲ್ಲಿ ಓವಿಎಚ್ ಕಂಪನಿಯ ದತ್ತಾಂಶ ಕೇಂದ್ರ ಸುಟ್ಟಾಗ, ಬ್ಯಾಕಪ್‌ಗೆಂದೇ ಹಣ ಕೊಟ್ಟಿದ್ದ ಗ್ರಾಹಕರೊಬ್ಬರ ಪ್ರತಿಯೂ ಅದೇ ಕಟ್ಟಡದಲ್ಲಿತ್ತು. ವಿಷಯ ನ್ಯಾಯಾಲಯಕ್ಕೆ ಹೋಗಿ ಪರಿಹಾರ ಸಿಕ್ಕಿತು, ಮಾಹಿತಿ ಸಿಗಲಿಲ್ಲ. ನಮ್ಮಲ್ಲೇ 2024ರ ಜುಲೈ ಕೊನೆಯಲ್ಲಿ ಸಿ-ಎಡ್ಜ್ ಎಂಬ ತಂತ್ರಾಂಶ ಕಂಪನಿಯ ಮೇಲೆ ದಾಳಿಯಾದಾಗ ಅದರ ಸೇವೆ ಪಡೆಯುತ್ತಿದ್ದ ಸುಮಾರು 300 ಸಹಕಾರಿ ಮತ್ತು ಗ್ರಾಮೀಣ ಬ್ಯಾಂಕುಗಳ ಪಾವತಿ ಸೇವೆ ನಿಂತಿತು. ಇನ್ನೊಬ್ಬರಿಗೆ ಒಪ್ಪಿಸಿದ ಕೆಲಸದಲ್ಲಿ ಅವರ ಕಷ್ಟವೂ ನಮ್ಮ ಪಾಲಿಗೆ ಬರುತ್ತದೆ.

ಅಗ್ಗದ ವಿದೇಶಿ ಕ್ಲೌಡ್‌ಗಳ ಬಗ್ಗೆ ಕೇಳುವವರಿದ್ದಾರೆ. ಬ್ಯಾಕ್‌ಬ್ಲೇಜ್‌ನ ಬಿ2 ಟಿಬಿಗೆ ತಿಂಗಳಿಗೆ 6 ಡಾಲರ್ ದರಕ್ಕೆ ಸಿಕ್ಕಿದೆ. ಮುಂಬೈ ಎಸ್3ಯ ಕಾಲು ಭಾಗಕ್ಕಿಂತ ಕಡಿಮೆ. ಆದರೆ ಅದರ ಸರ್ವರುಗಳು ಅಮೆರಿಕ, ಕೆನಡಾ, ಯುರೋಪಿನಲ್ಲಿವೆ. ಉತ್ಪಾದಕ ಕಂಪನಿ ಕಂಪನಿ ಕಾಯ್ದೆಯಡಿ ಬರುತ್ತದೆ ಎಂಬುದನ್ನು ಇಲ್ಲಿ ಮರೆಯಬಾರದು. ಲೆಕ್ಕಪತ್ರ ನಿಯಮಗಳಿಗೆ 2022ರ ಆಗಸ್ಟಿನಲ್ಲಿ ತಂದ ತಿದ್ದುಪಡಿಯ ಪ್ರಕಾರ ಕಂಪ್ಯೂಟರಿನಲ್ಲಿರುವ ಲೆಕ್ಕದ ಪುಸ್ತಕಗಳ ಬ್ಯಾಕಪ್ ಪ್ರತಿದಿನವೂ ಭಾರತದೊಳಗೇ ಇರುವ ಸರ್ವರಿನಲ್ಲಿ ಇರಬೇಕು. ಲೆಕ್ಕಪತ್ರಗಳನ್ನು ಎಂಟು ಆರ್ಥಿಕ ವರ್ಷ ಕಾಪಾಡುವ ಹೊಣೆಯೂ ಇದೆ. ಹಾಗಾಗಿ ವಿದೇಶಿ ಜಾಗ ಹೆಚ್ಚುವರಿ ಪ್ರತಿಗೆ ಸರಿ, ಏಕೈಕ ಪ್ರತಿಗೆ ಸಲ್ಲದು. ತಿಂಗಳಿಗೊಮ್ಮೆ ಯುಎಸ್‌ಬಿ ಡಿಸ್ಕಿಗೆ ತುಂಬಿ ಮನೆಗೆ ಒಯ್ಯುವ ಪದ್ಧತಿಯೂ ದಿನವೂ ಬ್ಯಾಕಪ್ ಬೇಕೆಂಬ ಈ ನಿಯಮಕ್ಕೆ ಸಾಲದು, ಜೊತೆಗಿದ್ದರೆ ಒಳ್ಳೆಯದು. ಬ್ಯಾಕಪ್ ಟೇಪಿನ ಮಾತು ಇಷ್ಟು ಸಣ್ಣ ಕಚೇರಿಗೆ ಬೇಕಿಲ್ಲ.

ಇಷ್ಟೆಲ್ಲ ತೂಗಿದ ಮೇಲೆ ನನ್ನ ಅಭಿಪ್ರಾಯ ಹೇಳುತ್ತೇನೆ. ಕಳೆದುಕೊಂಡರೆ ಕಂಪನಿಯೇ ನಿಂತುಹೋಗುವ ಆ 20 ಜಿಬಿ, ಪೆಟ್ಟಿಗೆ ಇರಲಿ ಇಲ್ಲದಿರಲಿ, ಭಾರತದೊಳಗಿನ ಕ್ಲೌಡ್‌ಗೆ ದಿನಾ ರಾತ್ರಿ ಹೋಗಲೇಬೇಕು; ಅದಕ್ಕೆ ಬಡತನದ ನೆಪ ಇಲ್ಲ. ಉಳಿದ ನೂರಾರು ಜಿಬಿಗೆ ಪೆಟ್ಟಿಗೆ ಕೊಳ್ಳಬಹುದು, ಆದರೆ ಅದನ್ನು ನೋಡಿಕೊಳ್ಳುವ ಒಬ್ಬರ ಹೆಸರು ಹೇಳಲು ಸಾಧ್ಯವಾದರೆ ಮಾತ್ರ. ಡಿಸ್ಕ್ ಬೀಪ್ ಅನ್ನತೊಡಗಿದಾಗ ಕೇಳಿಸಿಕೊಳ್ಳುವ, ಅಪ್‌ಡೇಟ್ ಹಾಕುವ, ಯುಪಿಎಸ್ ಬ್ಯಾಟರಿ ಬದಲಿಸುವ ಒಬ್ಬರು. ಅಂಥವರಿರುವ ಕಚೇರಿಯಲ್ಲಿ ಪೆಟ್ಟಿಗೆಯಷ್ಟು ಅನುಕೂಲದ ವಸ್ತು ಇನ್ನೊಂದಿಲ್ಲ. ಇಲ್ಲದ ಕಚೇರಿಯಲ್ಲಿ ಅದು ಎರಡನೇ ವರ್ಷಕ್ಕೆ ಯಾರೂ ಬಳಿ ಸುಳಿಯದ ಯಂತ್ರವಾಗುತ್ತದೆ.

ಯಾವ ದಾರಿ ಹಿಡಿದರೂ ಮರಳಿ ಪಡೆದು ನೋಡುವ ಕೆಲಸ ತಪ್ಪುವುದಿಲ್ಲ. 2017ರ ಜನವರಿ 31ರಂದು ತಂತ್ರಾಂಶ ಕಂಪನಿ ಗಿಟ್‌ಲ್ಯಾಬ್‌ನಲ್ಲಿ ಒಬ್ಬ ಎಂಜಿನಿಯರ್ ತಪ್ಪಿ ಮುಖ್ಯ ದತ್ತಾಂಶವನ್ನೇ ಅಳಿಸಿದಾಗ, ದಿನವೂ ಕ್ಲೌಡ್‌ಗೆ ಹೋಗಬೇಕಿದ್ದ ಬ್ಯಾಕಪ್, ತಂತ್ರಾಂಶದ ಆವೃತ್ತಿ ಹೊಂದದೆ ವಿಫಲವಾಗುತ್ತಿದ್ದದ್ದು ಆಗ ತಿಳಿಯಿತು. ಆರು ಗಂಟೆ ಹಿಂದಿನ ಒಂದು ಪ್ರತಿ ಬೇರೆ ಕಾರಣಕ್ಕೆ ತೆಗೆದದ್ದಿತ್ತು, ಅದರಿಂದ ಉಳಿದರು. ಪರಿಣತರೇ ತುಂಬಿದ ಕಂಪನಿಯ ಕತೆ ಇದು. ನಮ್ಮ ಕಚೇರಿಗಳಲ್ಲಿ ಟ್ಯಾಲಿ ತೆರೆದಿರುವಾಗಲೇ ಫೋಲ್ಡರನ್ನು ನಕಲು ಮಾಡಿ, ತೆರೆಯಲಾಗದ ಪ್ರತಿಯನ್ನು ತಿಂಗಳುಗಟ್ಟಲೆ ಕೂಡಿಡುವುದು ಬಲು ಸುಲಭ. ಮೂರು ತಿಂಗಳಿಗೊಮ್ಮೆ ಬೇರೊಂದು ಕಂಪ್ಯೂಟರಿನಲ್ಲಿ ಪ್ರತಿಯನ್ನು ತೆರೆದು, ನಿನ್ನೆಯ ನಗದು ಶಿಲ್ಕು ಸರಿ ಬರುತ್ತದೆಯೇ ಎಂದು ಲೆಕ್ಕಿಗರು ನೋಡಿ ಸಹಿ ಹಾಕಬೇಕು. ರೆಸ್ಟಿಕ್‌ನಂಥ ಉಚಿತ ತಂತ್ರಾಂಶ ಮಾಹಿತಿಗೆ ಬೀಗ ಹಾಕಿಯೇ ಕಳಿಸುತ್ತದೆ. ಸದಸ್ಯರ ಆಧಾರ್ ಪ್ರತಿಗಳಿರುವಾಗ ಅದು ಬೇಕೇ ಬೇಕು. ಆದರೆ ಆ ಪಾಸ್‌ವರ್ಡ್ ಹೋದರೆ ಮಾಹಿತಿಯೂ ಹೋಯಿತು. ಅದನ್ನು ಬರೆದು, ಮುಚ್ಚಿದ ಲಕೋಟೆಯಲ್ಲಿ, ಇಬ್ಬರು ನಿರ್ದೇಶಕರ ಜಂಟಿ ಸಹಿಯ ಬ್ಯಾಂಕ್ ಲಾಕರಿನಲ್ಲಿ ಇಡುವುದು ನನಗೆ ತಿಳಿದ ಅತ್ಯಂತ ಭದ್ರ ದಾರಿ. ಕ್ಲೌಡ್ ಖಾತೆಯೂ ವ್ಯಕ್ತಿಯ ಹೆಸರಿನಲ್ಲಿರದೆ ಕಂಪನಿಯ ಮಿಂಚಂಚೆಯಲ್ಲಿರಲಿ, ರೂಪಾಯಿಯಲ್ಲಿ ಬಿಲ್ಲು ಕೊಡುವವರಿದ್ದರೆ ತುಸು ದುಬಾರಿಯಾದರೂ ಅವರೇ ಆಗಲಿ.

ಪೆಟ್ಟಿಗೆ ಕೊಳ್ಳುವುದೆಂದು ತೀರ್ಮಾನವಾದರೆ ಅದೇ ನಡಾವಳಿಯಲ್ಲಿ ಇನ್ನೊಂದು ಸಾಲು ಬರೆಯಬೇಕು: ಐದನೇ ವರ್ಷದ ಹೊಸ ಡಿಸ್ಕುಗಳಿಗಾಗಿ ವರ್ಷಕ್ಕೆ ಐದಾರು ಸಾವಿರ ತೆಗೆದಿಡಲಾಗುವುದು. ಆ ಸಾಲಿಗೆ ಮಂಡಳಿ ಒಪ್ಪದಿದ್ದರೆ ಪೆಟ್ಟಿಗೆಯನ್ನು ಕೈಬಿಟ್ಟು, ವಿಡಿಯೊಗಳನ್ನು ಅರ್ಧಕ್ಕೆ ಇಳಿಸಿ, ಬಾಡಿಗೆಯನ್ನೇ ಕಟ್ಟುವುದು ಲೇಸು.