ಅರವತ್ತೆಂಟು ಲಕ್ಷದ ಕಾಲೇಜು ಯಾರಿಗೆ ಅಗ್ಗ?

ಮಗಳು ಪಿಯುಸಿ ಮುಗಿಸಿ ಅಮೆರಿಕದಲ್ಲಿ ಬಿ.ಎ. ಓದುತ್ತೇನೆ ಎಂದರೆ ಕುಮಟಾದ ಮನೆಯಲ್ಲಿ ಎರಡು ಪ್ರಶ್ನೆ ಏಳುತ್ತವೆ: ಎಂತಕ್ಕೆ? ಎಷ್ಟಾಗ್ತದೆ? ಮೊದಲನೆಯದಕ್ಕೆ ಉತ್ತರ ಹೇಳಲು ಹೊತ್ತು ಬೇಕು. ಎರಡನೆಯದರ ಉತ್ತರವನ್ನು ಕಾಲೇಜುಗಳೇ ಅಚ್ಚು ಹಾಕಿಟ್ಟಿವೆ. ಹೆಸರಾದ ಲಿಬರಲ್ ಆರ್ಟ್ಸ್ ಕಾಲೇಜುಗಳಲ್ಲಿ ಪಾಠ, ಊಟ, ವಸತಿ ಎಲ್ಲ ಸೇರಿ ವರ್ಷಕ್ಕೆ 80 ಸಾವಿರ ಡಾಲರಿಗೂ ಹೆಚ್ಚು. ಡಾಲರಿಗೆ 85 ರೂಪಾಯಿ ಹಿಡಿದರೂ 68 ಲಕ್ಷ. ಅಪ್ಪ ಪೇಪರು ಮಡಚಿಡುತ್ತಾನೆ, ಮಾತು ಅಲ್ಲಿಗೆ ಮುಗಿಯುತ್ತದೆ. ಅಷ್ಟು ಬೇಗ ಮುಗಿಯಬೇಕಾಗಿಲ್ಲ ಎನ್ನುವುದಷ್ಟೇ ನನ್ನ ವಾದ. ಎಲ್ಲರೂ ಗಂಟುಮೂಟೆ ಕಟ್ಟಿ ಎಂದು ನಾನು ಹೇಳುತ್ತಿಲ್ಲ.

ನಮ್ಮ ಕರಾವಳಿಗೆ ಅಮೆರಿಕ ಹೊಸದಲ್ಲ. ಆದರೆ ನಮಗೆ ಗೊತ್ತಿರುವ ದಾರಿ ಒಂದೇ: ಇಲ್ಲಿ ಬಿ.ಇ., ಅಲ್ಲಿ ಎಂ.ಎಸ್., ಆಮೇಲೆ ಕೆಲಸ. ಭಟ್ಕಳದ ಮನೆಗಳಿಗೆ ದುಬೈ, ಸೌದಿ ಹೊನ್ನಾವರದಷ್ಟೇ ಹತ್ತಿರ. ಅಲ್ಲಿಂದ ಮುಂದೆ ಅಮೆರಿಕದ ಯೋಚನೆ ಬಂದರೂ ಅದು ಎಂಜಿನಿಯರಿಂಗ್ ಇಲ್ಲವೇ ವ್ಯವಹಾರದ ಓದು. ಹದಿನೆಂಟರ ವಯಸ್ಸಿಗೇ ಹೋಗಿ ನಾಲ್ಕು ವರ್ಷ ಪದವಿ ಓದುವ ಸಣ್ಣ ಕಾಲೇಜುಗಳ ಸುದ್ದಿ ಇತ್ತ ಸುಳಿಯುವುದೇ ಕಡಿಮೆ. ಸಾವಿರದೈನೂರೋ ಎರಡು ಸಾವಿರವೋ ವಿದ್ಯಾರ್ಥಿಗಳು, ಸ್ನಾತಕೋತ್ತರ ತರಗತಿಗಳ ಗೌಜಿಲ್ಲ, ಪ್ರಾಧ್ಯಾಪಕರೇ ಖುದ್ದು ಪಾಠಕ್ಕೆ ನಿಲ್ಲುತ್ತಾರೆ. ಮುಖ್ಯ ವಿಷಯ ಯಾವುದೆಂದು ಎರಡನೆಯ ವರ್ಷದ ಕೊನೆಗೆ ಹೇಳಿದರೆ ಸಾಕು. ಭೌತಶಾಸ್ತ್ರ ಓದುವವಳು ಜೊತೆಗೆ ಸಂಗೀತವನ್ನೋ ಗ್ರೀಕ್ ಇತಿಹಾಸವನ್ನೋ ತೆಗೆದುಕೊಂಡರೆ ಯಾರೂ ಹುಬ್ಬೇರಿಸುವುದಿಲ್ಲ. ಹದಿನಾರಕ್ಕೇ ಪಿಸಿಎಂಬಿ ಅಥವಾ ಕಾಮರ್ಸ್ ಎಂದು ಹಣೆಬರಹ ಬರೆಸಿಕೊಳ್ಳುವ ನಮ್ಮ ಮಕ್ಕಳಿಗೆ ಇದರ ಬೆಲೆ ಬೇಗ ತಿಳಿಯುತ್ತದೆ.

ಇನ್ನು ದುಡ್ಡಿನ ಮಾತು. ಅಗ್ಗದ ಕಾಲೇಜು ಹುಡುಕಲು ಹೊರಟವರು ಸಾಮಾನ್ಯವಾಗಿ ಶುಲ್ಕದ ಪಟ್ಟಿ ತೆಗೆದು ಕೆಳಗಿನಿಂದ ಮೇಲಕ್ಕೆ ಓದುತ್ತಾರೆ. ಎಡವುವುದು ಅಲ್ಲೇ. ಒಂದು ಕಾಲೇಜಿನ ಒಟ್ಟು ಖರ್ಚು 45 ಸಾವಿರ ಡಾಲರ್, ಅದರಲ್ಲಿ 10 ಸಾವಿರ ಮಾಫಿ ಎಂದಿಟ್ಟುಕೊಳ್ಳಿ. ಉಳಿದ 35 ಸಾವಿರವೆಂದರೆ ವರ್ಷಕ್ಕೆ ಹತ್ತಿರ ಹತ್ತಿರ 30 ಲಕ್ಷ. ಇನ್ನೊಂದರ ಖರ್ಚು 88 ಸಾವಿರ. ಆದರೆ ಅದು ಮನೆಯ ಆದಾಯ ನೋಡಿ ನಿಮ್ಮಿಂದಾಗುವುದು 3 ಸಾವಿರ ಮಾತ್ರ ಎಂದು ಒಪ್ಪಿ ಮಿಕ್ಕದ್ದನ್ನು ತಾನೇ ಭರಿಸುತ್ತದೆ. ಎರಡೂವರೆ ಲಕ್ಷಕ್ಕೆ ಮುಗಿಯಿತು. ಪಟ್ಟಿಯಲ್ಲಿ ತೀರ ದುಬಾರಿಯಾಗಿ ಕಂಡದ್ದೇ ಬಡವನಿಗೆ ತೀರ ಅಗ್ಗವಾಗಬಹುದು. ನಡುವೆ ಇರುವುದು ಅಪಾಯದ ಜಾಗ. ‘ಅರ್ಧ ಸ್ಕಾಲರ್‌ಶಿಪ್ ಸಿಕ್ಕಿತು’ ಎಂದು ಊರೆಲ್ಲ ಪೇಡೆ ಹಂಚಿ, ಉಳಿದರ್ಧಕ್ಕೆ ತೋಟ ಅಡವಿಡುವುದು ಅಲ್ಲಿಯೇ. 80 ಸಾವಿರದ ಅರ್ಧ ನಾಲ್ಕು ವರ್ಷಕ್ಕೆ ಒಂದು ಕೋಟಿ 36 ಲಕ್ಷವಾಗುತ್ತದೆ.

ಇದು ಹೇಗೆ ನಡೆಯುತ್ತದೆ ಎಂದು ಅಚ್ಚರಿಪಡುವವರು ನಮ್ಮದೇ ಊರುಗಳ ಚರಿತ್ರೆ ನೋಡಬಹುದು. ಭಟ್ಕಳದಲ್ಲಿ ಅಂಜುಮನ್ ಹಾಮಿ-ಎ-ಮುಸ್ಲಿಮೀನ್ 1919ರಲ್ಲೇ ಹುಟ್ಟಿತು. ಅಂಕೋಲೆಯ ದಿನಕರ ದೇಸಾಯಿಯವರು 1953ರಲ್ಲಿ ಕೆನರಾ ವೆಲ್‌ಫೇರ್ ಟ್ರಸ್ಟ್ ಕಟ್ಟಿ ಹೈಸ್ಕೂಲಿಲ್ಲದ ಹಳ್ಳಿಗಳಿಗೆ ಹೈಸ್ಕೂಲು ಒಯ್ದರು. ಕುಮಟಾದ ಕಾಲೇಜಿಗೆ ಮುಂಬೈಯ ಶಸ್ತ್ರವೈದ್ಯ ಡಾ. ಎ.ವಿ. ಬಾಳಿಗಾರ ಹೆಸರಿದೆ. ಊರಿನ ದುಡ್ಡು, ಊರು ಬಿಟ್ಟು ಗಳಿಸಿದವರ ದುಡ್ಡು, ಎರಡೂ ಸೇರಿ ಇಲ್ಲಿ ಶಾಲೆ ನಡೆದವು. ಅಮೆರಿಕದ ಸಣ್ಣ ಕಾಲೇಜಿನ ಬೆನ್ನಿಗೂ ಇರುವುದು ಇಂಥ ದತ್ತಿಯೇ; ಗಾತ್ರ ಮಾತ್ರ ಬೇರೆ. ಅಯೋವಾದ ಮೆಕ್ಕೆಜೋಳದ ಹೊಲಗಳ ನಡುವಿನ ಗ್ರಿನೆಲ್ ಕಾಲೇಜಿನಲ್ಲಿ ವಿದ್ಯಾರ್ಥಿಗಳು ಸುಮಾರು 1,700, ದತ್ತಿ 200 ಕೋಟಿ ಡಾಲರಿಗೂ ಮಿಕ್ಕಿದ್ದು. ಆ ದತ್ತಿಯ ಆದಾಯದಿಂದಲೇ ಮಕ್ಕಳಿಗೆ ನೆರವು ಹೋಗುತ್ತದೆ. ಹಾಗಾಗಿ ಹುಡುಕಬೇಕಾದದ್ದು ದತ್ತಿ ದೊಡ್ಡದಿದ್ದು ಅದರಲ್ಲಿ ಹೊರದೇಶದವರಿಗೂ ಪಾಲು ಕೊಡುವ ಕಾಲೇಜನ್ನು.

ಅವುಗಳಲ್ಲೂ ತರತಮ ಇದೆ. ಆಮ್ಹರ್ಸ್ಟ್, ಬೋಡನ್‌ನಂಥ ಕೆಲವೇ ಕೆಲವು, ಹೊರದೇಶದ ಅರ್ಜಿದಾರ ದುಡ್ಡು ಕೇಳಿದನೋ ಇಲ್ಲವೋ ಎಂದು ನೋಡದೆ ಸೀಟು ನಿರ್ಧರಿಸುತ್ತವೆ. ಆಯ್ಕೆಯಾದರೆ ಕೊರತೆಯಷ್ಟನ್ನೂ ತುಂಬುತ್ತವೆ. ಆದರೆ ಜಗತ್ತೇ ಅರ್ಜಿ ಹಾಕುವ ಜಾಗ ಅದು, ಸೀಟು ಬೆರಳೆಣಿಕೆಯವು. ಗ್ರಿನೆಲ್, ಮೆಕಾಲಿಸ್ಟರ್, ವಾಸರ್‌ನಂಥವು ಆಯ್ಕೆಯಾದವರಿಗೆ ಪೂರ್ತಿ ನೆರವು ಕೊಡುತ್ತವೆ. ಆಯ್ಕೆ ಮಾಡುವಾಗ ಮಾತ್ರ ನೀವು ಕೇಳಿದ ಮೊತ್ತವನ್ನೂ ತಕ್ಕಡಿಗೆ ಹಾಕುತ್ತವೆ. ಹೆಚ್ಚು ಕೇಳಿದಷ್ಟೂ ಅವಕಾಶ ಕಡಿಮೆ. ಹೆಣ್ಣುಮಕ್ಕಳಿಗೇ ಪ್ರತ್ಯೇಕ ಕಾಲೇಜು ಬೇಕೆನ್ನುವ ಮನೆಗಳು ಮೌಂಟ್ ಹೋಲಿಯೋಕ್, ಸ್ಮಿತ್ ಎಂಬ ಎರಡು ಹೆಸರು ಬರೆದುಕೊಳ್ಳಲಿ. ಮೌಂಟ್ ಹೋಲಿಯೋಕ್ 1837ರಿಂದ ಹೆಣ್ಣುಮಕ್ಕಳಿಗೆ ಕಲಿಸುತ್ತಿದೆ. ಭಟ್ಕಳದಲ್ಲಿ ಮಹಿಳಾ ಕಾಲೇಜಿಗೇ ಸೇರಿಸುವ ತಾಯಿತಂದೆಯರಿಗೆ ಇದು ಅಪರಿಚಿತ ಏರ್ಪಾಡೇನಲ್ಲ.

ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಕೆಂಟುಕಿಯ ಬೆರಿಯಾ. ಗುಲಾಮಗಿರಿಯ ವಿರುದ್ಧ ನಿಂತ ಜಾನ್ ಫೀ ಎಂಬ ಪಾದ್ರಿ 1855ರಲ್ಲಿ ಶುರುಮಾಡಿದ ಶಾಲೆ ಅದು. ಕರಿಯರು ಬಿಳಿಯರು ಒಟ್ಟಿಗೆ ಕೂತು ಓದಬೇಕೆಂಬುದು ಅವನ ಹಟ. ಅಲ್ಲಿ ಯಾರಿಂದಲೂ ಪಾಠದ ಶುಲ್ಕ ತೆಗೆದುಕೊಳ್ಳುವುದಿಲ್ಲ. ಬದಲಿಗೆ ಪ್ರತಿಯೊಬ್ಬರೂ ವಾರಕ್ಕೆ ಕನಿಷ್ಠ 10 ಗಂಟೆ ಕಾಲೇಜಿನ ಕೆಲಸ ಮಾಡಬೇಕು: ತೋಟ, ಅಡುಗೆಮನೆ, ಗ್ರಂಥಾಲಯ, ಮರಗೆಲಸ. ಹೊರದೇಶದವರಿಗೆ ಮೊದಲ ವರ್ಷದ ಊಟ ವಸತಿಯೂ ಕಾಲೇಜಿನದೇ. ಮುಂದಿನ ವರ್ಷಗಳಲ್ಲಿ ಬೇಸಿಗೆಯಲ್ಲಿ ದುಡಿದು ಸ್ವಲ್ಪ ಉಳಿಸಿ ತುಂಬಬೇಕು. ಸೀಟು ತೀರ ಕಡಿಮೆ. ಓದುವ ಹುಡುಗ ಕಸಬರಿಗೆ ಮುಟ್ಟಬಾರದು ಎನ್ನುವ ನಮ್ಮ ಕೆಲವು ಮನೆಗಳಿಗೆ ಈ ಕಾಲೇಜು ಪುಕ್ಕಟೆಯಾದರೂ ಬೇಡವಾದೀತು, ಆ ಮಾತು ಬೇರೆ.

ಪೂರ್ತಿ ನೆರವು ಬೇಕಾದರೆ ಮನೆಯ ಲೆಕ್ಕ ಬಿಚ್ಚಿಡಬೇಕು. ಬಹಳಷ್ಟು ಕಾಲೇಜುಗಳು ‘ಸಿಎಸ್‌ಎಸ್ ಪ್ರೊಫೈಲ್’ ಎಂಬ ಅರ್ಜಿ ತುಂಬಿಸುತ್ತವೆ. ನಮ್ಮ ಕಡೆಯವರು ಒದ್ದಾಡುವುದು ಇದರ ಮುಂದೆ. ನಿಮ್ಮ ಮನೆಯ ಈಗಿನ ಬೆಲೆ ಎಷ್ಟು, ಎಂದು ಕೇಳುತ್ತದೆ. ಹೊನ್ನಾವರದಾಚೆಯ ಹಳ್ಳಿಯ ಮನೆ ತೀರಿಹೋದ ಅಜ್ಜನ ಹೆಸರಿನಲ್ಲಿದೆ. ಪಹಣಿಯಲ್ಲಿ ಅಪ್ಪ, ಇಬ್ಬರು ದೊಡ್ಡಪ್ಪಂದಿರು, ಮದುವೆಯಾಗಿ ಹೋದ ಅತ್ತೆ ಎಲ್ಲರೂ ಇದ್ದಾರೆ, ಹಿಸ್ಸೆ ಆಗಿಲ್ಲ. ತೋಟದ ಬೆಲೆ ಕಾಗದದ ಮೇಲೆ ಕೋಟಿ ತೋರಿಸಬಹುದು. ಕೈಗೆ ಬರುವುದು ಆ ವರ್ಷ ಕುಮಟಾ ಪೇಟೆಯಲ್ಲಿ ಚಾಲಿ ಅಡಿಕೆಗೆ ಸಿಕ್ಕ ದರ, ಅದರಲ್ಲೂ ಸೊಸೈಟಿ ಸಾಲ ಕಳೆದು. ಬೋಟಿನಲ್ಲಿ ಪಾಲುದಾರನಾದವನಿಗೆ ಆದಾಯ ತೆರಿಗೆಯ ಕಾಗದವೇ ಇರುವುದಿಲ್ಲ. ಗಲ್ಫಿನ ಸಂಬಳಕ್ಕೆ ಅಲ್ಲಿ ತೆರಿಗೆಯಿಲ್ಲದ ಕಾರಣ ಅಲ್ಲಿನ ರಿಟರ್ನ್ ಕೂಡ ಇಲ್ಲ, ಕಂಪನಿಯ ಪತ್ರ ತರಬೇಕು. ಇಷ್ಟಕ್ಕೆ ಹೆದರುವುದು ಬೇಡ. ಅರ್ಜಿಯ ಕೊನೆಯಲ್ಲಿ ವಿಶೇಷ ಪರಿಸ್ಥಿತಿ ವಿವರಿಸಲು ಜಾಗವಿದೆ. ಅಲ್ಲಿ ಇದ್ದದ್ದನ್ನು ಇದ್ದ ಹಾಗೆ ಬರೆಯಬೇಕು. ಅಪ್ಪನ ಪಾಲು ನಾಲ್ಕರಲ್ಲಿ ಒಂದು, ಮಾರುವ ಹಕ್ಕು ಒಬ್ಬನಿಗಿಲ್ಲ, ಕಳೆದ ಮಳೆಗಾಲ ಕೊಳೆರೋಗಕ್ಕೆ ಇಷ್ಟು ಬೆಳೆ ಹೋಯಿತು, ಎಂದು. ತಹಶೀಲ್ದಾರರ ಆದಾಯ ಪ್ರಮಾಣಪತ್ರವನ್ನೂ ಜೊತೆಗೆ ಇಡಬಹುದು. ಆದರೆ ಪಡಿತರ ಚೀಟಿಗೆಂದು ಕಡಿಮೆ ಬರೆಸಿದ ಆದಾಯವನ್ನು ಇಲ್ಲಿಗೂ ಎತ್ತಿ ತಂದರೆ, ಬ್ಯಾಂಕಿನ ಲೆಕ್ಕಕ್ಕೂ ಅದಕ್ಕೂ ತಾಳೆಯಾಗದೆ ಎಲ್ಲವೂ ಕೆಡುತ್ತದೆ.

‘ಮೊದಲ ವರ್ಷ ನೀವೇ ಕಟ್ಟಿ, ಆಮೇಲೆ ಸ್ಕಾಲರ್‌ಶಿಪ್ ಕೇಳೋಣ’ ಎನ್ನುವ ಏಜೆಂಟರ ಮಾತು ನಂಬಬೇಡಿ. ಹೊರದೇಶದವರು ಅರ್ಜಿಯ ಜೊತೆಗೇ ನೆರವು ಕೇಳದಿದ್ದರೆ ಮುಂದೆ ಕೇಳುವಂತಿಲ್ಲ ಎಂಬುದು ಇಂಥ ಬಹುತೇಕ ಕಾಲೇಜುಗಳ ನಿಯಮ. ಪೂರ್ತಿ ನೆರವು ಕೊಡುವ ಕಾಲೇಜು ಏಜೆಂಟನಿಗೆ ಕಮಿಷನ್ ಕೊಟ್ಟು ಮಕ್ಕಳನ್ನು ತರಿಸಿಕೊಳ್ಳುವ ಗರಜಿನಲ್ಲೂ ಇರುವುದಿಲ್ಲ. ಹಾಗಾಗಿ ಅದರ ಹೆಸರು ಅವನ ಬಾಯಲ್ಲಿ ಬರುವುದಿಲ್ಲ. ಅಮೆರಿಕ ಸರ್ಕಾರದ ಎಜುಕೇಶನ್‌ಯುಎಸ್‌ಎ ಕೇಂದ್ರಗಳಲ್ಲಿ ಮೂಲ ಸಲಹೆ ಉಚಿತ. ನಮ್ಮ ಕೇಂದ್ರ ಸರ್ಕಾರದ ನ್ಯಾಷನಲ್ ಓವರ್‌ಸೀಸ್ ಸ್ಕಾಲರ್‌ಶಿಪ್ ಸ್ನಾತಕೋತ್ತರ ಮತ್ತು ಪಿಎಚ್‌ಡಿಗೆ ಮಾತ್ರ, ಬಿ.ಎ.ಗೆ ಬರುವುದಿಲ್ಲ. ಅಂದರೆ ಪದವಿಗೆ ಹೋಗುವವರು ಮುಖ್ಯವಾಗಿ ನೆಚ್ಚಬೇಕಾದದ್ದು ತಾವು ಸೇರುವ ಕಾಲೇಜಿನ ದುಡ್ಡನ್ನೇ.

ಇಷ್ಟೆಲ್ಲ ಸಾಹಸ ಯಾಕೆ, ಎಂದು ಕೇಳುವವರ ಮಾತಿನಲ್ಲೂ ತಿರುಳಿದೆ. ಹನೇಹಳ್ಳಿಯ ಯಶವಂತ ಚಿತ್ತಾಲರು ಮುಂಬೈಯಲ್ಲಿ ಓದಿ, ನ್ಯೂಜೆರ್ಸಿಯ ಸ್ಟೀವನ್ಸ್ ಇನ್‌ಸ್ಟಿಟ್ಯೂಟಿಗೆ ಹೋದದ್ದು ಎಂಜಿನಿಯರಿಂಗ್ ಓದಲು. ಪಾಲಿಮರ್ ರಂಗದ ದುಡಿಮೆಯೂ ‘ಶಿಕಾರಿ’ ಕಾದಂಬರಿಯೂ ಒಂದೇ ತಲೆಯಲ್ಲಿ ಬೆಳೆಯಲು ಅವರಿಗೆ ಯಾವ ಲಿಬರಲ್ ಆರ್ಟ್ಸ್ ಕಾಲೇಜೂ ಬೇಕಾಗಲಿಲ್ಲ. ನಿಜ. ಆದರೆ ಚಿತ್ತಾಲರಂಥವರನ್ನು ಎದುರಿಗಿಟ್ಟು ಉಳಿದವರಿಗೂ ಏನೂ ಬೇಡ ಎನ್ನುವುದು ಸೋಮಾರಿತನದ ವಾದ. ಕರ್ನಾಟಕದಲ್ಲಿ ನಾಲ್ಕು ವರ್ಷದ ಪದವಿ 2021ರಲ್ಲಿ ಬಂದು 2024ರಲ್ಲಿ ಹೋಯಿತು. ವಿಷಯಗಳನ್ನು ಬೆರೆಸಿ ಓದುವ ಅವಕಾಶ ನೆಲೆಯೂರುವ ಮೊದಲೇ ಮಕ್ಕಳು ಮೂರು ವರ್ಷದ ಹಳಿಗೆ ಮರಳಿದರು. ಇಂಥ ಓದು ಬೇಕು, ಸಮುದ್ರ ದಾಟುವುದು ಬೇಡ ಎನ್ನುವವರಿಗೆ ಬೆಂಗಳೂರಿನ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯವಿದೆ. ಆದಾಯ ನೋಡಿ ಪೂರ್ತಿ ಶುಲ್ಕದವರೆಗೂ ಅಲ್ಲಿ ನೆರವು ಉಂಟು. ಕಾರವಾರದಿಂದ ಹೊರಡುವ ಪಂಚಗಂಗಾ ಎಕ್ಸ್‌ಪ್ರೆಸ್ ಹತ್ತಿದರೆ ಬೆಳಿಗ್ಗೆ ಬೆಂಗಳೂರು. ಅಮೆರಿಕಕ್ಕೆ ಅರ್ಜಿ ಹಾಕುವ ಪ್ರತಿಯೊಬ್ಬರೂ ಇಲ್ಲಿಗೂ ಒಂದು ಅರ್ಜಿ ಹಾಕಿರಲೇಬೇಕು ಎನ್ನುತ್ತೇನೆ.

ಯಾಕೆಂದರೆ ಸೀಟು, ದುಡ್ಡು ಎರಡೂ ಸಿಕ್ಕಿದ ಮೇಲೆ ವೀಸಾ ಉಳಿಯುತ್ತದೆ, ಅದು ಯಾರ ಕೈಯಲ್ಲೂ ಇಲ್ಲ. 2025ರ ಮೇ ಕೊನೆಯಲ್ಲಿ ಅಮೆರಿಕ ವಿದ್ಯಾರ್ಥಿ ವೀಸಾಗಳ ಹೊಸ ಸಂದರ್ಶನಗಳಿಗೆ ದಿನ ಕೊಡುವುದನ್ನು ಕೆಲವು ವಾರ ನಿಲ್ಲಿಸಿಯೇ ಬಿಟ್ಟಿತ್ತು. ಓದು ಮುಗಿದ ಮೇಲೂ ಕೆಲಸದ ಅನುಮತಿ ಮಾಮೂಲಿಗೆ ಒಂದು ವರ್ಷ. ವಿಜ್ಞಾನ, ಗಣಿತ, ತಂತ್ರಜ್ಞಾನದವರಿಗೆ ಇನ್ನೆರಡು ವರ್ಷ ಹೆಚ್ಚು. ಇತಿಹಾಸ ಓದಿದವನು ಒಂದು ವರ್ಷದಲ್ಲಿ ಕೋಟಿಯ ಸಾಲ ತೀರಿಸಲಾರ. ಆದ್ದರಿಂದ ನನ್ನ ತೀರ್ಮಾನ ನೇರ: ಪೂರ್ತಿಯ ಆಸುಪಾಸಿನಷ್ಟು ನೆರವು ಸಿಕ್ಕಿದರೆ ಕಣ್ಣುಮುಚ್ಚಿ ಕಳಿಸಿ, ಇಲ್ಲದಿದ್ದರೆ ಬೇಡ. ಪದವಿಗಾಗಿ ತೋಟದ ಮೇಲೆ ಸಾಲ ಎತ್ತಬೇಡಿ.

ಊರಿನ ಸಂಸ್ಥೆಗಳು ಮಾಡಬೇಕಾದ ಕೆಲಸ ದೊಡ್ಡದೇನಲ್ಲ. ವೀಸಾ ಶುಲ್ಕ, ಸೆವಿಸ್ ಎಂಬ ವಿದ್ಯಾರ್ಥಿ ನೋಂದಣಿಯ ಶುಲ್ಕ ಎರಡೇ ಸೇರಿ 45 ಸಾವಿರ ರೂಪಾಯಿ ದಾಟುತ್ತದೆ. ಇಂಗ್ಲಿಷ್ ಪರೀಕ್ಷೆ, ವಿಮಾನದ ಟಿಕೆಟ್ಟು ಬೇರೆ. ಪೂರ್ತಿ ನೆರವು ಪಡೆದ ಮಗು ಇಷ್ಟಕ್ಕೇ ಮುಗ್ಗರಿಸಬಹುದು. ಭಟ್ಕಳ, ಹೊನ್ನಾವರ, ಕುಮಟಾದ ಟ್ರಸ್ಟುಗಳು, ಜಾತಿ ಸಂಘಗಳು ಪ್ರತಿಭಾ ಪುರಸ್ಕಾರದ ಶಾಲು ಹಾರ ಕಡಿಮೆ ಮಾಡಿ ಈ ಖರ್ಚಿಗೆ ಒಂದು ಸಣ್ಣ ನಿಧಿ ತೆಗೆದಿಡಲಿ. ಪಿಯು ಕಾಲೇಜುಗಳ ಪ್ರಾಚಾರ್ಯರಲ್ಲಿ ಇನ್ನೂ ಸಣ್ಣ ವಿನಂತಿ. ಅಮೆರಿಕದ ಕಾಲೇಜುಗಳು ಒಂಬತ್ತರಿಂದ ಹನ್ನೆರಡನೇ ತರಗತಿಯವರೆಗೆ ನಾಲ್ಕೂ ವರ್ಷದ ಅಂಕ ಕೇಳುತ್ತವೆ, ಶಿಕ್ಷಕರ ಪತ್ರ ಕೇಳುತ್ತವೆ. ಒಂಬತ್ತನೆಯ ತರಗತಿಯ ಅಂಕ ಹಳ್ಳಿಯ ಹೈಸ್ಕೂಲಿನ ರಿಜಿಸ್ಟರಿನಲ್ಲಿ ಮಾತ್ರ ಇರುತ್ತದೆ. ಅರ್ಜಿ ಆಗಸ್ಟ್ 1ಕ್ಕೆ ತೆರೆಯುತ್ತದೆ, ಹೆಚ್ಚಿನ ಕಾಲೇಜುಗಳಿಗೆ ಜನವರಿ ಮೊದಲ ವಾರಗಳಲ್ಲಿ ಮುಗಿಯುತ್ತದೆ. ಯಾರಾದರೂ ಹುಡುಗಿ ಜುಲೈಯಲ್ಲಿ ಬಂದು ಆ ಅಂಕಪಟ್ಟಿಗೆ ಸಹಿ ಕೇಳಿದರೆ ನಾಳೆ ಬಾ ಎನ್ನಬೇಡಿ.